ಮುಹೂರ್ತದ ದಿನ ಅಳುವ ಗೋಡೆ

ಗೋಡೆಗೆ ಎಂಥ ಮುಖ ಇಡಬೇಕು ಎಂದು ಹೇಳುವುದು ನನ್ನ ಕೆಲಸ. ಹೀಗೆಂದಿದ್ದಕ್ಕೆ ಬಿಟಿಎಂ ಲೇಔಟಿನ ನಮ್ಮ ಮನೆ ಓನರ್ ಆಂಟಿ, "ಓ, ಪೇಂಟಿಂಗ್ ಕಂಟ್ರಾಕ್ಟಾ?" ಎಂದು ಕೇಳಿ ನನ್ನ ಇಂಜಿನಿಯರಿಂಗ್ ಡಿಗ್ರಿಯನ್ನು ಬಣ್ಣದ ಡಬ್ಬಿಗೆ ಹಾಕಿ ಮುಚ್ಚಳ ಹಾಕಿಬಿಟ್ಟರು. ಪೇಂಟಿಂಗ್ ಅಲ್ಲ ತಾಯಿ. ಇಳಿಜಾರಿನಲ್ಲಿ ಮಣ್ಣು ಒಟ್ಟಿ ಎತ್ತರ ಮಾಡುವಾಗ ಪದರ ಪದರದ ನಡುವೆ ಗಟ್ಟಿ ಪ್ಲಾಸ್ಟಿಕ್ ಜಾಲರಿ ಹಾಸಿ ಬಿಗಿಯುತ್ತೇವೆ. ಆ ಜಾಲರಿ ಮಣ್ಣನ್ನು ಹಿಡಿದು ನಿಲ್ಲಿಸುತ್ತದೆ. ರಸ್ತೆಯಿಂದ ಕಾಣುವುದು ಅದರ ಮುಖ ಮಾತ್ರ. ಆ ಮುಖ ಬ್ಲಾಕಿನದ್ದೋ, ಕಾಂಕ್ರೀಟ್ ಹಲಗೆಯದ್ದೋ, ಹುಲ್ಲಿನದ್ದೋ ಏನಾದರೂ ಇರಲಿ, ಒಳಗೆ ಸೇರಿದ ನೀರು ಹೊರಗೆ ಬರಲು ದಾರಿ ಇರಬೇಕು. ಇಷ್ಟನ್ನು ಜನರ ತಲೆಗೆ ತುಂಬುವುದರಲ್ಲಿ ನನ್ನ ಅರ್ಧ ಆಯುಷ್ಯ ಹೋಗಿದೆ.

ಪುಟ್ಟೇನಹಳ್ಳಿಯ ಬೋರಣ್ಣನವರ ತಲೆಗೂ ಹೀಗೇ ತುಂಬಿದ್ದೆ. ಅವರದ್ದು ಹಳೇ ಊರಿನ ಮನೆತನ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಕಲ್ಯಾಣ ಮಂಟಪ ಎಬ್ಬಿಸಿದ್ದರು. ಹೊಲ ಕೆರೆಯ ಕಡೆಗೆ ಇಳಿಜಾರು. ಮದುವೆಗೆ ಬರುವ ಬಸ್ಸು ಕಾರು ನಿಲ್ಲಿಸಲು ಜಾಗ ಸಮತಟ್ಟಾಗಬೇಕು, ಅದಕ್ಕೆ ರಸ್ತೆಯ ಕಡೆ ಎರಡು ಆಳೆತ್ತರದ ಗೋಡೆ ಬೇಕು. 2004ರ ಬೇಸಿಗೆಯಲ್ಲಿ ನಾನು ಸ್ಯಾಂಪಲ್ ಹಿಡಿದು ಹೋದಾಗ ಅವರು ಸೈಟಿನಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

"ಹುಲ್ಲು ಬೆಳೆಸಬೋದು ಸಾರ್, ತಂಪಾಗಿರ್ತದ" ಎಂದೆ.

"ಹುಲ್ಲಾ? ಛತ್ರದ ಮುಂದೆ ಮೇಕೆ ಮೇಯಿಸ್ಲಾ ಮೇಡಂ?"

ತಂತಿ ಪಂಜರದಲ್ಲಿ ಕಲ್ಲು ತುಂಬಿದ ಗೋಡೆಯ ಫೋಟೋ ತೋರಿಸಿದೆ. ಕೋಳಿಗೂಡು ಎಂದರು. ಕಾಂಕ್ರೀಟ್ ಹಲಗೆ ತೋರಿಸಿದರೆ ಫ್ಲೈಓವರ್ ಕೆಳಗೆ ಮದುವೆ ಮಾಡಿದಂಗೆ ಇರ್ತದೆ ಎಂದರು. ಅವರ ಮನಸ್ಸೆಲ್ಲ ಗ್ರಾನೈಟಿನ ಮೇಲೆ. ಸಿಮೆಂಟು ಮೆತ್ತಿ ಕಲ್ಲು ಅಂಟಿಸಿದರೆ ಒಳಗಿನ ಮಣ್ಣು ಚೂರು ಕೂತರೂ ಕಲ್ಲು ಬಿರಿದು ಉದುರುತ್ತದೆ, ನೀರಿನ ದಾರಿಯೂ ಮುಚ್ಚುತ್ತದೆ, ಬೇಕೇಬೇಕಾದರೆ ಸ್ಟೀಲ್ ಕೊಂಡಿ ಕೊಟ್ಟು ನಡುವೆ ಸಂದಿ ಬಿಟ್ಟು ಕಲ್ಲು ನೇತುಹಾಕೋಣ ಎಂದು ವಿವರಿಸಿದೆ. "ಮದುವೆ ಮನೆ ಮುಂದೆ ಏನೂ ನೇತಾಕ್ಬಾರ್ದು ಮೇಡಂ" ಎಂದು ಮುಖ ಸಿಂಡರಿಸಿದರು. ಕೊನೆಗೆ ಬೂದು ಬಣ್ಣದ ಬ್ಲಾಕಿಗೆ ಒಪ್ಪಿದರು. ಒಂದರ ಮೇಲೊಂದು ಸಿಮೆಂಟಿಲ್ಲದೆ ಕೂರುವ ಬ್ಲಾಕು, ಹಿಂದೆ ಜಲ್ಲಿ, ಬುಡದಲ್ಲಿ ಉದ್ದಕ್ಕೂ ನೀರು ಬರುವ ಪೈಪುಗಳು.

ಗೋಡೆ ಮುಗಿದ ದಿನ ಬೋರಣ್ಣನವರ ತಾಯಿ ಮುನಿಲಕ್ಷ್ಮಮ್ಮ ಬಂದು ಪೈಪಿನ ಬಾಯಿಗೆ ಬೆರಳು ಹಾಕಿ ನೋಡಿದರು. "ಇದ್ಯಾಕವ್ವ ಇಷ್ಟೊಂದು ತೂತು?"

"ಗೋಡೆಗೂ ಉಚ್ಚೆ ಹೊಯ್ಯಾಕ ಜಾಗ ಬೇಕಲ್ಲ ಅಜ್ಜಿ" ಎಂದೆ. ನಮ್ಮ ಗದಗಿನ ಕಡೆ ನಾವು ಮಾತಾಡುವುದೇ ಹಾಗೆ. ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನಾನೂ ನಕ್ಕೆ.

ಮರು ವರ್ಷ ಮಳೆ ಹುಚ್ಚೆದ್ದು ಹೊಡೆಯಿತು. ಕಾರ್ತಿಕದ ಹೊತ್ತಿಗೆ ಬಿಸಿಲು ಬಿದ್ದಿತ್ತು. ಒಂದು ಬೆಳಿಗ್ಗೆ ಆಫೀಸಿನಲ್ಲಿದ್ದಾಗ ಮುನಿಲಕ್ಷ್ಮಮ್ಮನ ಫೋನು ಬಂತು.

"ಶ್ವೇತಾ, ಒಂದ್ಸಲ ಬಂದ್ ಹೋಗವ್ವ. ನೀನು ಕಟ್ಸಿದ್ ಗೋಡೇಲಿ ಬನಶಂಕರಮ್ಮ ಅಳ್ತಾವ್ಳೆ."

"ಏನಂದ್ರಿ?"

"ಕಣ್ಣೀರು ಕಣವ್ವ. ಬರೀ ಮುಹೂರ್ತದ ದಿನ ಅಳ್ತಾಳೆ. ಮದುವೆಯಾಗಿ ಹೋಗೋ ಹೆಣ್ಮಕ್ಕಳಿಗೋಸ್ಕರ. ಇವತ್ತೂ ಮದುವೆ ಐತೆ, ಬಾ. ನಿನ್ ಕೈಗುಣ ಅದು."

ಹೊಗಳಿಕೆ ಕೇಳಿದವಳೇ ಬ್ಯಾಗು ಎತ್ತಿಕೊಂಡು ಹೊರಟೆ. ಪೈಪಿನಲ್ಲಿ ಬರಬೇಕಾದ ನೀರು ಗೋಡೆಯ ಮುಖದಲ್ಲಿ ಯಾಕೆ ಬರುತ್ತಿದೆ? ಆ ಗೋಡೆಗೆ ದೇವಿ ಎಲ್ಲಿಂದ ಬಂದಳು? ಬನಶಂಕರಿ ಬಸ್ ಸ್ಟ್ಯಾಂಡಿನಲ್ಲಿ ಇಳಿದವಳೇ ಆಟೋ ಹತ್ತಿದೆ.

ಮಂಟಪದ ಕೆಳಗಿನ ರಸ್ತೆಯಲ್ಲಿ ಆಟೋ ಮುಂದೆ ಹೋಗಲಿಲ್ಲ. ಅಷ್ಟು ಜನ. ಅವರ ನಡುವೆ ತೂರಿ ಹೋಗಿ ನನ್ನ ಗೋಡೆಯನ್ನು ನೋಡಿದೆ, ನೋಡಿ ನಿಂತಲ್ಲೇ ನಿಂತುಬಿಟ್ಟೆ. ಬುಡದಿಂದ ಎದೆಯ ಮಟ್ಟದವರೆಗೆ ಸಿಮೆಂಟು ಮೆತ್ತಿ ನುಣ್ಣಗೆ ಗಾರೆ ಮಾಡಿದ್ದರು. ಅದರ ಮೇಲೆ ಸಾಲಾಗಿ ದೇವರ ಟೈಲ್ಸು. ಗಣಪತಿ, ತಿರುಪತಿ ವೆಂಕಟರಮಣ, ಒಂದು ಶಿಲುಬೆ, ಒಂದು ದರ್ಗಾ, ಯಾರಿಗೂ ಬೇಜಾರಾಗದ ಹಾಗೆ ಎಲ್ಲರೂ ಇದ್ದರು. ನಡುವೆ ದೊಡ್ಡದೊಂದು ಬನಶಂಕರಮ್ಮನ ಟೈಲು. ಅದರ ಅಂಚಿನಿಂದ ನೀರು ಒಸರಿ ಕುಂಕುಮದ ಮೇಲೆ ಹರಿದು ಕೆಳಗಿಟ್ಟ ತಾಮ್ರದ ಪಾತ್ರೆಗೆ ತೊಟ್ಟಿಕ್ಕುತ್ತಿತ್ತು. ಪಕ್ಕದಲ್ಲಿ ಗೋಡೆಗೇ ಬೆನ್ನು ಕೊಟ್ಟು ಪ್ಲಾಸ್ಟಿಕ್ ಕುರ್ಚಿಯಲ್ಲಿ ಮುನಿಲಕ್ಷ್ಮಮ್ಮ ಕೂತಿದ್ದರು, ಉದ್ಧರಣೆಯಲ್ಲಿ ತೀರ್ಥ ಕೊಡುತ್ತಿದ್ದರು.

"ಬಂದ್ಯಾ ನನ್ ತಾಯಿ, ಚಪ್ಪಲಿ ಬಿಟ್ಟು ಬಾ. ಮೊದ್ಲು ತೀರ್ಥ ತಗೋ."

ಅಂಗೈಗೆ ಬಿದ್ದ ನೀರನ್ನು ಬಾಯಿಯ ಹತ್ತಿರ ತಂದೆ. ಸೋಪಿನ ಪುಡಿಯ ವಾಸನೆ, ಅದರ ಹಿಂದೆಯೇ ಸಾರಿನ ವಾಸನೆ. ಅಯ್ಯೋ ಶಿವನೇ! ಮೇಲೆ ಮಂಟಪದ ಪಾತ್ರೆ ತೊಳೆಯುವ ಜಾಗ ಇದ್ದದ್ದು ಸರಿಯಾಗಿ ಈ ಗೋಡೆಯ ಹಿಂದೆ, ಬಸ್ಸು ಕಾರು ನಿಲ್ಲುವ ಜಾಗದ ಆಚೆ ಅಂಚಿಗೆ. ಅಲ್ಲಿಯ ಚರಂಡಿ ಪೈಪು ಎಲ್ಲೋ ಒಡೆದಿದೆ. ಮದುವೆ ಇದ್ದ ದಿನ ಹಂಡೆಗಟ್ಟಲೆ ನೀರು ಮಣ್ಣಿನೊಳಗೆ ಇಳಿಯುತ್ತಿದೆ. ನನ್ನ ಹಿಂದೆ ನಿಂತಿದ್ದ ಹೆಂಗಸು ಆ ನೀರನ್ನೇ ಕಣ್ಣಿಗೆ ಒತ್ತಿಕೊಂಡು ಕುಡಿದಳು.

"ಅಜ್ಜಿ, ಪೈಪ್ ಎಲ್ಲಿ? ಬುಡದಾಗ ಪೈಪ್ ಇದ್ದುವಲ್ಲ, ಯಾರು ಮುಚ್ಚಿದ್ರು?"

"ನಾನೇ ಮುಚ್ಚಿಸ್ದೆ" ಎಂದರು ಮುನಿಲಕ್ಷ್ಮಮ್ಮ, ಸಮಾಧಾನವಾಗಿ. "ಮದುವೆಗೆ ಬಂದೋರು, ಆಟೋದೋರು, ಎಲ್ಲಾ ಇಲ್ಲೇ ಗೋಡೆಗೆ ಉಚ್ಚೆ ಹೊಯ್ಯೋರು. ಹೆಂಗಸ್ರು ಈ ದಾರೀಲಿ ಓಡಾಡಂಗಿರ್ಲಿಲ್ಲ. ಅದಕ್ಕೆ ದೇವ್ರ ಟೈಲ್ಸ್ ಹೊಡೆಸ್ದೋ. ತೂತು ಹೆಂಗೆ ಬಿಡಕ್ಕಾಗ್ತದೆ? ನೀನೇ ಹೇಳಿರ್ಲಿಲ್ವಾ, ಗೋಡೆ ಉಚ್ಚೆ ಹೊಯ್ಯೋ ತೂತು ಅಂತ? ದೇವ್ರ ಪಾದದ ಕೆಳಗೆ ಅಂಥದ್ದು ಇರಬೋದಾ?"

ನಗೆಗೆಂದು ಆಡಿದ ಮಾತನ್ನು ಈ ಅಜ್ಜಿ ಶಾಸ್ತ್ರ ಎಂದು ಪಾಲಿಸಿದ್ದರು! ಯಾರನ್ನು ಬೈಯಲಿ? ಗೋಡೆಯ ತುದಿಗೆ ಓಡಿ ಕೆನ್ನೆಯನ್ನು ಬ್ಲಾಕಿಗೆ ಒತ್ತಿ, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿದೆ. ನೆಟ್ಟಗೆ ಇರಬೇಕಾದ ಗೋಡೆಗೆ ಬಸುರಿಯ ಹಾಗೆ ಹೊಟ್ಟೆ ಬಂದಿತ್ತು. ಹೊಟ್ಟೆ ಬಂದಿದ್ದು ನಡುಮಧ್ಯದಲ್ಲಿ, ಬನಶಂಕರಮ್ಮನ ನೆತ್ತಿಯ ಮೇಲೆ, ಅಜ್ಜಿಯ ಕುರ್ಚಿಯ ಹಿಂದೆ. ಮೇಲೆ ನೋಡಿದರೆ ಅದೇ ಜಾಗದ ಅಂಚಿನಲ್ಲಿ ಗಂಡಿನ ಕಡೆಯವರ ಬಸ್ಸು ನಿಂತಿತ್ತು.

ಆಮೇಲೆ ನಾನು ಮಾತಾಡಲಿಲ್ಲ, ಕಿರುಚಿದೆ. "ಎದ್ದೇಳ್ರಿ! ಎಲ್ಲಾರೂ ರಸ್ತೆ ಆಚೆ ಹೋಗ್ರಿ! ಗೋಡಿ ಬೀಳ್ತದ!"

ಯಾರೂ ಅಲುಗಾಡಲಿಲ್ಲ. ಒಬ್ಬಾಕೆ ಮಗುವನ್ನು ಇನ್ನಷ್ಟು ಮುಂದೆ ತಳ್ಳಿ ಹಣೆಗೆ ಕುಂಕುಮ ಹಚ್ಚಿದಳು. ಗಲಾಟೆ ಕೇಳಿ ಬೋರಣ್ಣ ಮಂಟಪದಿಂದ ಇಳಿದು ಬಂದರು, ರೇಷ್ಮೆ ಪಂಚೆ, ಹಣೆಯಲ್ಲಿ ಗಂಧ. "ಏನ್ ಮೇಡಂ, ಶುಭಕಾರ್ಯದ ದಿನ ಬೀಳ್ತದೆ ಗೀಳ್ತದೆ ಅಂತೀರಾ? ನಿಮ್ ಗೋಡೆಗೆ ಅಮ್ಮ ಒಲಿದವ್ಳೆ. ನಮಸ್ಕಾರ ಮಾಡ್ಕೊಂಡು ಮೇಲೆ ಬನ್ನಿ, ಊಟ ಮಾಡ್ಕೊಂಡು ಹೋಗೋರಂತೆ."

"ಹುಚ್ಚ ಹಿಡದದ ಏನ್ರೀ ನಿಮಗ? ಅದು ಕಣ್ಣೀರಲ್ರೀ! ಮುಸುರೆ ನೀರು! ನಿಮ್ಮ ಛತ್ರದಾಗ ಪಾತ್ರೆ ತೊಳದ ನೀರು!"

ಎಲ್ಲರೂ ಒಟ್ಟಿಗೆ ಬಾಯಿ ಮಾಡಿದರು. ಯಾವೂರವಳು ಇವಳು, ನಾಲಿಗೆ ಸೀಳಬೇಕು ಇಂಥವರದ್ದು, ಎಳೆದು ಆಚೆ ಹಾಕಿ. ಬೋರಣ್ಣನ ಮುಖ ಕಪ್ಪಾಯಿತು. ನಾನು ಅದು ಯಾವುದನ್ನೂ ಲೆಕ್ಕಕ್ಕಿಡಲಿಲ್ಲ. ನಾನು ನೋಡುತ್ತಿದ್ದುದು ಅಜ್ಜಿಯನ್ನು. ಉದ್ಧರಣೆ ಹಿಡಿದ ಅವರ ಕೈ ಗಾಳಿಯಲ್ಲೇ ನಿಂತಿತ್ತು.

"ಮುಸುರೆ ನೀರಾ?" ಎಂದರು ಮೆಲ್ಲಗೆ.

ಅವರ ಕಾಲ ಬಳಿ ಕೂತು ಕೈ ಹಿಡಿದುಕೊಂಡೆ. "ಹೌದು ಅಜ್ಜಿ. ಮದುವೆ ದಿನಾ ಮಾತ್ರ ಯಾಕ ಬರ್ತದ ನೀವೇ ಹೇಳ್ರಿ. ಮದುವೆ ದಿನಾನೇ ಮ್ಯಾಲ ಅಷ್ಟು ಪಾತ್ರೆ ತೊಳೀತಾರ."

ಅವರು ಟೈಲಿನ ಕಡೆ ತಿರುಗಿದರು. "ನಂಗೆ ಹನ್ನೆರಡು ವರ್ಸಕ್ಕೆ ಮದುವೆ ಮಾಡಿ ಈ ಊರಿಗೆ ಕಳಿಸ್ಬಿಟ್ರು ಕಣವ್ವ. ನಮ್ಮವ್ವ ಅಷ್ಟೊತ್ತಿಗೇ ಸತ್ತೋಗಿದ್ಲು. ಗಾಡಿ ಹತ್ತೋವಾಗ ನಂಗೋಸ್ಕರ ಅಳಕ್ಕೆ ಒಂದು ನರಪಿಳ್ಳೆ ಇರ್ಲಿಲ್ಲ. ಇಲ್ಲಿಂದ ಹೋಗೋ ಹೆಣ್ಮಕ್ಕಳಿಗಾದ್ರೂ ಅಮ್ಮ ಅಳ್ತಾವ್ಳಲ್ಲ ಅಂತ..."

ಅಷ್ಟರಲ್ಲಿ ಟಪ್ ಎಂದು ಸದ್ದಾಯಿತು. ಗಣಪತಿಯ ಟೈಲು ನಟ್ಟನಡುವೆ ಬಿರಿದು ಅರ್ಧ ನೆಲಕ್ಕೆ ಬಿತ್ತು. ಅದರ ಹಿಂದೆಯೇ ಹಸಿ ಮಣ್ಣು ಸಣ್ಣಗೆ ಜಾರಿ ಅಜ್ಜಿಯ ಭುಜದ ಮೇಲೆ ಉದುರಿತು. ಅವರು ಅದನ್ನು ಚಿಟಿಕೆಯಲ್ಲಿ ತೆಗೆದು ನೋಡಿದರು, ಬೆರಳಲ್ಲಿ ಉಜ್ಜಿದರು. ಆ ಹೊಲದಲ್ಲಿ ವರ್ಷಗಟ್ಟಲೆ ಗೇದವರು ಅವರು, ಈ ಮಣ್ಣು ಇನ್ನು ನಿಲ್ಲುವುದಿಲ್ಲ ಎಂದು ಬೆರಳಿಗೇ ತಿಳಿಯಿತು. ಗುಂಪಿನವರು ಮಾತ್ರ "ಗಣಪನೂ ಮೈಮೇಲೆ ಬಂದ!" ಎಂದು ಇನ್ನೂ ಹತ್ತಿರ ನುಗ್ಗಿದರು. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

"ಶ್ವೇತಾ, ಕೂಗ್ಬೇಡ" ಎಂದರು ಅಜ್ಜಿ ನನ್ನ ಕಿವಿಯಲ್ಲಿ. "ಗೋಡೆ ಬೀಳ್ತದೆ ಅಂದ್ರೆ ಇವ್ರು ಏಳಲ್ಲ. ಅಮ್ಮ ಹೊಂಟ್ಲು ಅಂದ್ರೆ ಏಳ್ತಾರೆ."

ಕುರ್ಚಿಯ ಕೈ ಹಿಡಿದು ಎದ್ದರು. ಪೂಜೆಗೆ ಇಟ್ಟಿದ್ದ ಕಳಶದ ಚೊಂಬಿಗೆ ತಾಮ್ರದ ಪಾತ್ರೆಯ ನೀರನ್ನು ಬಗ್ಗಿಸಿದರು, ವೀಳ್ಯದೆಲೆ ಸಿಕ್ಕಿಸಿದರು, ತೆಂಗಿನಕಾಯಿ ಕೂರಿಸಿದರು. ಟೈಲಿನ ಮೇಲಿದ್ದ ಹೂವಿನ ಹಾರವನ್ನು ಬಿಚ್ಚಿ ಕಳಶಕ್ಕೆ ಹಾಕಿದರು. ಕಳಶವನ್ನು ತಲೆಯ ಮೇಲೆ ಇಟ್ಟುಕೊಂಡು ಊರಿಗೆಲ್ಲ ಕೇಳುವ ಹಾಗೆ ಕೂಗಿದರು. "ಅಮ್ಮ ಇಲ್ಲಿರಲ್ಲ ಅಂತಾವ್ಳೆ! ಕೆರೆ ಕಡೆ ಹೊಂಟವ್ಳೆ! ದಾರಿ ಬಿಡ್ರಪ್ಪಾ!"

ಮಗನ ಕಡೆ ತಿರುಗಿದಾಗ ದನಿ ಬೇರೆಯೇ ಇತ್ತು. "ಲೇ ಬೋರ, ಬಾಯ್ ಬಿಟ್ಕೊಂಡು ಏನ್ ನಿಂತಿದ್ದೀಯೋ? ಮೇಲೆ ಹೋಗಿ ನಲ್ಲಿ ನಿಲ್ಲಿಸು, ಬಸ್ ತೆಗೆಸು. ಓಡು!"

ಐವತ್ತು ದಾಟಿದ ಬೋರಣ್ಣ ಪಂಚೆ ಎತ್ತಿಕಟ್ಟಿ ಓಡಿದರು.

ಜನ ಎದ್ದರು. ನಾನು ಗಂಟಲು ಹರಿದುಕೊಂಡರೂ ಕದಲದವರು, ಅಜ್ಜಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಮಕ್ಕಳನ್ನು ಕಂಕುಳಿಗೆ ಏರಿಸಿಕೊಂಡು ಹಿಂದೆ ಬಿದ್ದರು. ಹೂವಿನ ಬುಟ್ಟಿಯವಳೂ ಬುಟ್ಟಿ ಎತ್ತಿಕೊಂಡಳು. ಎಲ್ಲರಿಗಿಂತ ಹಿಂದೆ ನಾನಿದ್ದೆ, ಕುಂಟುತ್ತಿದ್ದ ಒಬ್ಬ ಮುದುಕನ ರಟ್ಟೆ ಹಿಡಿದು ಎಳೆಯುತ್ತಿದ್ದೆ. ರಸ್ತೆ ದಾಟಿ ಕೆರೆಯ ಕಡೆಯ ಅರಳಿಕಟ್ಟೆ ಮುಟ್ಟುವಾಗ ಬೆನ್ನ ಹಿಂದೆ ಟೈಲುಗಳು ಒಂದಾದ ಮೇಲೊಂದು ಸಿಡಿಯತೊಡಗಿದವು.

ತಿರುಗಿ ನೋಡಿದೆ. ಗೋಡೆಯ ಹೊಟ್ಟೆ ಒಡೆಯಿತು. ಬ್ಲಾಕು, ಗಾರೆ, ದೇವರುಗಳು, ಕೆಸರು ಎಲ್ಲ ಒಟ್ಟಿಗೆ ರಸ್ತೆಗೆ ಬಂದು ಬಿದ್ದವು. ಕಾಲ ಕೆಳಗಿನ ನೆಲ ನಡುಗಿತು. ಧೂಳು ಏಳಲಿಲ್ಲ, ಅಷ್ಟು ನೀರು ಕುಡಿದಿತ್ತು ಮಣ್ಣು. ಮೇಲೆ ಬಸ್ಸು ಇದ್ದ ಜಾಗದಲ್ಲಿ ನೆಲವೇ ಇರಲಿಲ್ಲ. ಅದರ ಆಚೆ ಬೋರಣ್ಣ ಎರಡೂ ಕೈಯಲ್ಲಿ ತಲೆ ಹಿಡಿದು ನಿಂತಿದ್ದರು, ಅವರ ಹಿಂದೆ ಬಸ್ಸು ಅಡ್ಡಡ್ಡ ನಿಂತಿತ್ತು.

ಒಂದು ಮಗು "ನನ್ ಚಪ್ಲಿ" ಎಂದು ಅಳತೊಡಗಿತು. ಆಗ ಎಲ್ಲರೂ ತಮ್ಮ ತಮ್ಮ ಕಾಲು ನೋಡಿಕೊಂಡರು. ಒಬ್ಬರ ಕಾಲಲ್ಲೂ ಚಪ್ಪಲಿ ಇರಲಿಲ್ಲ. ಎಲ್ಲರ ಚಪ್ಪಲಿಗಳೂ ಗೋಡೆಯ ಬುಡದಲ್ಲಿ, ಆ ಮಣ್ಣಿನ ಅಡಿಯಲ್ಲಿ ಇದ್ದವು. ನನ್ನದೂ ಅಲ್ಲೇ ಇತ್ತು. ನಾನು ಕಟ್ಟೆಯ ಮೇಲೆ ಕೂತುಬಿಟ್ಟೆ.

"ಅಮ್ಮ ಕಾಪಾಡಿದ್ಲು" ಎಂದು ಯಾರೋ ಅಂದರು. ಆ ಮಾತು ಬಾಯಿಂದ ಬಾಯಿಗೆ ಹೋಯಿತು, ಜನ ಕೈಮುಗಿದುಕೊಂಡು ಅಳತೊಡಗಿದರು. ನಾಲಿಗೆ ಸೀಳಬೇಕು ಎಂದವಳೇ ನನ್ನನ್ನು ತಬ್ಬಿಕೊಂಡು ಅತ್ತಳು. ನಾನು ಏನನ್ನೂ ತಿದ್ದಲು ಹೋಗಲಿಲ್ಲ.

ಮುನಿಲಕ್ಷ್ಮಮ್ಮ ಮಾತ್ರ ಕಳಶವನ್ನು ಇಳಿಸಿರಲಿಲ್ಲ. ತಮ್ಮ ಕುರ್ಚಿ ಇದ್ದ ಜಾಗವನ್ನೇ ನೋಡುತ್ತಾ ನಿಂತಿದ್ದರು. ನಾನು ಎದ್ದು ಹೋಗಿ, "ಇಳಸ್ರಿ ಅಜ್ಜಿ, ಭಾರ ಆಗ್ತದ" ಎಂದೆ. ಅವರು ಕಳಶವನ್ನು ತಲೆಯಿಂದ ಇಳಿಸಿ ಎದೆಗೆ ಅವಚಿಕೊಂಡರು. ನೀರು ತುಳುಕಿ ಸೀರೆಯ ಮೇಲೆ ಚೆಲ್ಲಿತು.

"ಕೆರೆಗೆ ಹಾಕನಾ ಅಂದ್ರೆ ಮುಸುರೆ ಅಂತೀಯ" ಎಂದರು. "ಚರಂಡಿಗೆ ಚೆಲ್ಲಕ್ಕೆ ನಂಗೆ ಕೈ ಬರಲ್ಲ. ಇಷ್ಟು ದಿನ ಹೆಣ್ಮಕ್ಕಳಿಗೋಸ್ಕರ ಅತ್ತಿದ್ದು ಇದೇ ಅಲ್ವೇನವ್ವ. ನೀನು ಓದ್ದೋಳು, ನೀನೇ ಹೇಳು. ಇದ್ನ ಎಲ್ಲಿ ಸುರೀಲಿ?"

ನೀರು ಎಲ್ಲಿಗೆ ಹೋಗಬೇಕು ಎಂದು ಹೇಳಿಯೇ ನಾನು ಸಂಬಳ ತೆಗೆದುಕೊಳ್ಳುವುದು. ಅಜ್ಜಿ ಕಳಶ ಹಿಡಿದು ನನ್ನ ಮುಖ ನೋಡುತ್ತಾ ಕಾಯುತ್ತಿದ್ದರು. ನಾನು ಎರಡೂ ಕೈ ಕೊಟ್ಟು ಅವರ ಜೊತೆ ಕಳಶ ಹಿಡಿದುಕೊಂಡೆ.