ಹೋರಿಯ ತೂಕವೆಲ್ಲ ಮಾಂಸವಲ್ಲ

ತನ್ನ ಮನೆಯ ಫ್ರೀಜರಿನ ಮುಚ್ಚಳ ಎತ್ತಿ ಹಿಡಿದು ವೆಸ್ಲಿ ಕೇಳಿದ, "ಉಳಿದ ಮಾಂಸ ಯಾರು ಕದ್ದರು?"

ಕಾಶವ್ವ ಬಗ್ಗಿ ನೋಡಿದಳು; ಅರ್ಧವೂ ತುಂಬಿರಲಿಲ್ಲ. ಅಮೆರಿಕದ ಆಸ್ಟಿನ್ ಊರಾಚೆ, ದನ ಸಾಕಿದರೆ ಜಮೀನಿನ ತೆರಿಗೆ ಇಳಿಯುತ್ತದೆಂದು ಆಕೆಯ ಗಂಡ ಚನ್ನಮಲ್ಲಪ್ಪ ನಾಲ್ಕು ದನ ಸಾಕಿದ್ದರು. ಪಕ್ಕದ ಜಮೀನಿನ ವೆಸ್ಲಿ ಆರು ವರ್ಷದಿಂದ ಅವರ ಬೇಲಿ ಬಿಗಿದುಕೊಟ್ಟವನು. ಅವನಿಗೇ ಒಂದು ಹೋರಿಯನ್ನು ಮಾಂಸಕ್ಕೆಂದು ಮಾರಿ, ಕಸಾಯಿಖಾನೆಗೂ ತಾವೇ ಕಳಿಸಿದ್ದರು. ಸಾವಿರದ ನಾನೂರು ಪೌಂಡ್ ಎಂದು ದೂರದಿಂದಲೇ ನೋಡಿ ಹೇಳಿದ್ದರು; ಅದರಲ್ಲಿ ಮಾಂಸ ಎಷ್ಟೆಂದು ಹೇಳಿರಲಿಲ್ಲ. ಅದನ್ನು ನಂಬಿ ವೆಸ್ಲಿ ಡಾಲಸ್, ಹ್ಯೂಸ್ಟನ್‌ನಲ್ಲಿರುವ ತನ್ನ ಹೆಣ್ಣುಮಕ್ಕಳಿಗೆ ಪಾಲು ಹೇಳಿಬಿಟ್ಟಿದ್ದ.

ಅಲ್ಲಿನ ಕೃಷಿ ಕಚೇರಿಯಲ್ಲಿ ಕೆಲಸ ಮಾಡುವ, ಮೈಸೂರು ಮೂಲದ ಸುಚೇತಾಳನ್ನು ಕಾಶವ್ವ ಕರೆಸಿದಳು. ಅವಳು ಟೇಪು ತೆಗೆದದ್ದೇ ತಡ, ಚನ್ನಮಲ್ಲಪ್ಪ ಸಿಡುಕಿದರು.

"ಕಡಿಯೋ ದನಕ್ಕ ಅಳತಿ ಹಿಡೀಬೇಕೇನವಾ? ನಮ್ಮ ಮನ್ಯಾಗ ತತ್ತಿ ಸೈತ ಬರಂಗಿಲ್ಲ."

"ಮಾರೋಕೆ ಆಗುತ್ತೆ, ಅಳೆಯೋಕೆ ಮಾತ್ರ ಪಾಪಾನಾ ಅಂಕಲ್?"

"ಕೇಳ್ರಿ ಈಗ," ಎಂದಳು ಕಾಶವ್ವ. "ನಿಮ್ಮ ಮಡಿ ಉಳೀತು, ನಮ್ಮ ಮಾನ ಹೋತು."

ಮಾರಿದ ಹೋರಿಯ ಜೊತೆಯದು, ಅದೇ ಮೈಕಟ್ಟಿನದು, ಕೊಟ್ಟಿಗೆಯಲ್ಲಿತ್ತು. ಸುಚೇತಾ ಅದರ ಮುಂಗಾಲಿನ ಹಿಂದೆ ಎದೆಯ ಸುತ್ತ ಟೇಪು ಬಿಗಿದಳು: ಎಪ್ಪತ್ತೆರಡು ಇಂಚು. ಭುಜದ ತುದಿಯಿಂದ ಬಾಲದ ಬುಡದ ಪಕ್ಕದ ಎಲುಬಿನವರೆಗೆ ಅರವತ್ತು.

"ಎದೆಯ ಸುತ್ತಳತೆಯನ್ನ ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, ಮುನ್ನೂರರಿಂದ ಭಾಗಿಸಿ. ಮೈತೂಕ ಪೌಂಡಿನಲ್ಲಿ ಬರುತ್ತೆ."

ಚನ್ನಮಲ್ಲಪ್ಪ ಫೋನಿನಲ್ಲಿ ಒತ್ತಿದರು. "ಸಾವಿರದ ಮೂವತ್ತೇಳು? ಅಷ್ಟ ಏನು!"

"ಅಷ್ಟೇ. ತಲೆ, ಚರ್ಮ, ಹೊಟ್ಟೆ ಹೋದ್ರೆ ನೂರಕ್ಕೆ ಅರವತ್ತು ಉಳಿಯುತ್ತೆ. ಮೂಳೆ, ಕೊಬ್ಬು ತೆಗೆದ್ರೆ ನಲವತ್ತರ ಸುಮಾರು. ನಾನೂರು ಪೌಂಡ್ ಚಿಲ್ಲರೆ. ತಳಿ, ಮೇವು ನೋಡಿ ಸ್ವಲ್ಪ ಹೆಚ್ಚುಕಮ್ಮಿ ಆಗಬಹುದು."

ವೆಸ್ಲಿಗೆ ಬಂದದ್ದೂ ಅಷ್ಟೇ. ಯಾರೂ ಕದ್ದಿರಲಿಲ್ಲ.

ಚನ್ನಮಲ್ಲಪ್ಪ ಲೆಕ್ಕ ಬರೆದ ಚೀಟಿ ಹಿಡಿದು ಹೆಂಡತಿಯೊಡನೆ ವೆಸ್ಲಿಯ ಮನೆಗೆ ಹೋದರು. ಅವನು ಬಾಗಿಲಲ್ಲೇ ನಿಂತು ಎರಡು ಸಲ ಓದಿದ.

"ನೀನು ಕಳ್ಳನಲ್ಲ, ಸರಿ. ಆದರೆ ನನ್ನ ಮಕ್ಕಳ ಮುಂದೆ ನಾನು ಸುಳ್ಳುಗಾರನಾದೆ. ಮುಂದಿನ ಹೋರಿ ಬೇರೆ ಕಡೆ ಹೇಳಿದ್ದೇನೆ."

ಚೀಟಿ ವಾಪಸು ಕೊಟ್ಟು ಬಾಗಿಲು ಹಾಕಿಕೊಂಡ. "ಇನ್ನ ಮ್ಯಾಲೆ ಅಳೀಲಾರದ ಒಂದು ಮಾತೂ ಆಡಂಗಿಲ್ಲ," ಎಂದರು ಚನ್ನಮಲ್ಲಪ್ಪ.

ದನ ಸಾಕಿರುವ ಅಣ್ಣಂದಿರೇ, ಅಕ್ಕಂದಿರೇ, ಮಾರುವುದು, ಬಿಡುವುದು ನಿಮ್ಮ ಮನಸ್ಸು. ಮಾರುವುದಾದರೆ ಮಾತು ಕೊಡುವ ಮೊದಲೇ ಟೇಪು ಹಿಡಿಯಿರಿ. ಮೈತೂಕ ಎಷ್ಟು, ಕೈಗೆ ಸಿಗುವ ಮಾಂಸ ಎಷ್ಟು, ಎರಡನ್ನೂ ಬಾಯಿಬಿಟ್ಟು ಹೇಳಿ. ಹೇಳಲು ನಾಚಿದರೆ ಕಳೆದುಕೊಳ್ಳುವುದು ನೆರೆಯವರನ್ನು.