ಕರ್ಮರಕರರ ಎರಡಂತಸ್ತಿನ ಮಂಚ

ವಿದ್ಯಾಧರ ಕರ್ಮರಕರ್ ಅಂಬರನಾಥದ ಒಂದು ಬಣ್ಣದ ಕಾರ್ಖಾನೆಯಲ್ಲಿ ಸುರಕ್ಷತಾ ಅಧಿಕಾರಿ. ಯಾರೂ ಜಾರಿ ಬೀಳದಂತೆ, ಯಾರ ಬೆರಳೂ ಯಂತ್ರಕ್ಕೆ ಸಿಗದಂತೆ ಹದಿನಾಲ್ಕು ವರ್ಷಗಳಿಂದ ನೋಡಿಕೊಂಡು ಬಂದವನು. ಹೀಗಾಗಿ ಅಲ್ಲಿ ಯಾರಿಗೂ ಅವನನ್ನು ಕಂಡರೆ ಆಗುತ್ತಿರಲಿಲ್ಲ. ಅವನು ಒಂದು ಮೂಲೆಯಿಂದ ಬಂದರೆ ಇನ್ನೊಂದು ಮೂಲೆಯಲ್ಲಿ ಬಗಲಲ್ಲಿದ್ದ ಹೆಲ್ಮೆಟ್ಟುಗಳೆಲ್ಲ ತಲೆಯ ಮೇಲೆ ಏರುತ್ತಿದ್ದವು, ಅವನು ದಾಟಿ ಹೋದ ಮೇಲೆ ಮತ್ತೆ ಬಗಲಿಗೆ ಇಳಿಯುತ್ತಿದ್ದವು.

ಮನೆಯಲ್ಲೂ ಅವನು ಅದೇ ಮನುಷ್ಯ. ಡೊಂಬಿವಲಿಯಲ್ಲಿ ಮೂರನೇ ಮಹಡಿಯ ಮೇಲಿನ ಆ ಮನೆ ಎಂದರೆ ಒಂದು ಪಡಸಾಲೆ, ಒಂದು ಮಲಗುವ ಕೋಣೆ, ಒಬ್ಬರು ನಿಂತರೆ ಇನ್ನೊಬ್ಬರು ಹೊರಗೇ ಕಾಯಬೇಕಾದ ಅಡುಗೆಮನೆ. ಗ್ಯಾಸಿನ ನಳಿಗೆಗೆ ಅದನ್ನು ಬದಲಿಸಬೇಕಾದ ತಾರೀಖಿನ ಚೀಟಿ ಅಂಟಿತ್ತು. ಕಪಾಟುಗಳನ್ನು ಗೋಡೆಗೆ ಮೊಳೆ ಹೊಡೆದು ಬಿಗಿಯಲಾಗಿತ್ತು. ಹೆಂಡತಿ ಶುಭದಾ ಒಂದು ಸಹಕಾರಿ ಬ್ಯಾಂಕಿನಲ್ಲಿ ಕೆಲಸಕ್ಕಿದ್ದಳು. ಮಗಳು ಓವಿಗೆ ಒಂಬತ್ತು, ಮಗ ಅಬೀರನಿಗೆ ಐದು. ಗಂಡ ಹೆಂಡತಿ ಕೋಣೆಯ ದೊಡ್ಡ ಮಂಚದ ಮೇಲೆ, ಮಕ್ಕಳು ಅದರ ಪಕ್ಕ ನೆಲದ ಮೇಲೆ, ವಿದ್ಯಾಧರನ ತಾಯಿ ಇಂದುತಾಯಿ ಪಡಸಾಲೆಯ ದಿವಾನದ ಮೇಲೆ. ಹೀಗೆ ಐದು ಜನ ಮಲಗುತ್ತಿದ್ದರು.

ನನಗೆ ನನ್ನದೇ ಆದ ಜಾಗ ಬೇಕು ಎಂದು ಓವಿ ಹಟ ಹಿಡಿದಾಗ ಬಂಕ್ ಬೆಡ್ಡಿನ ಮಾತು ಬಂತು. ಬೇರೆ ಅಪ್ಪನಾಗಿದ್ದರೆ ಒಂದು ಭಾನುವಾರ ಹೋಗಿ ತಂದುಬಿಡುತ್ತಿದ್ದ. ವಿದ್ಯಾಧರ ಎರಡು ತಿಂಗಳು ಅದರ ಬಗ್ಗೆ ಓದಿದ. ಮೇಲಿನ ಹಾಸಿಗೆಯಿಂದ ಮಕ್ಕಳು ಹೇಗೆಲ್ಲ ಬೀಳಬಹುದು ಎಂಬುದನ್ನು ಊಟಕ್ಕೆ ಕೂತಾಗ ಒಂದೊಂದಾಗಿ ಹೇಳಿದ. ಕಂಬಿಗಳ ಸಂದು ದೊಡ್ಡದಿದ್ದರೆ ಮಗುವಿನ ಮೈ ಜಾರಿ ಹೊರಗೆ ಹೋಗಿ ತಲೆ ಅಲ್ಲೇ ಸಿಕ್ಕಿಬೀಳುತ್ತದೆ ಎಂದ ದಿನ ಶುಭದಾ ತಟ್ಟೆ ಸರಿಸಿ ಎದ್ದುಹೋದಳು.

ಕೊನೆಗೆ ಉಲ್ಹಾಸನಗರದ ಫರ್ನಿಚರ್ ಬಜಾರಿಗೆ ಎಲ್ಲರನ್ನೂ ಕರೆದುಕೊಂಡು ಹೋದ. ಕೈಯಲ್ಲಿ ಅಳತೆ ಟೇಪು, ಚೀಲದಲ್ಲಿ ಮೂರೂವರೆ ಇಂಚು ಅಗಲದ ಒಂದು ಸ್ಟೀಲಿನ ಡಬ್ಬಿ. ಆ ಡಬ್ಬಿ ಕಂಬಿಗಳ ನಡುವೆ ತೂರಿದರೆ ಆ ಮಂಚ ಬೇಡ. ನಾಲ್ಕು ಅಂಗಡಿಗಳಲ್ಲಿ ತೂರಿತು. ಐದನೆಯದು ಲಾಲವಾನಿ ಎಂಬ ಸಿಂಧಿಯದು. ವಿದ್ಯಾಧರ ಒಂದೊಂದು ಮಂಚದ ಮುಂದೆಯೂ ಮಂಡಿಯೂರಿ ಡಬ್ಬಿ ತುರುಕುವುದನ್ನು ಆತ ಬಹಳ ಹೊತ್ತು ಸುಮ್ಮನೆ ನೋಡಿದ.

"ಸಾಹೇಬ್ರ, ಮಂಚದ ಮ್ಯಾಲೆ ಮಕ್ಕಳು ಮಲಗ್ತಾವೋ, ಡಬ್ಬಿ ಮಲಗ್ತೈತೋ? ಡಬ್ಬಿಗಾದ್ರ ಸಣ್ಣ ಕಪಾಟು ಒಳಗೈತಿ, ತೋರಸ್ತೀನಿ."

ವಿದ್ಯಾಧರ ನಗಲಿಲ್ಲ. ಅವನ ಡಬ್ಬಿ ತೂರದ ಮಂಚ ಅಲ್ಲಿ ಒಂದೇ ಒಂದಿತ್ತು, ಸಾಗವಾನಿಯದು. ಏಣಿಯನ್ನು ಕೊಕ್ಕೆಯಲ್ಲಿ ತೂಗುಹಾಕಿರಲಿಲ್ಲ, ಚೌಕಟ್ಟಿಗೇ ಸೇರಿಸಿ ಬಿಗಿದಿದ್ದರು. ಮೇಲಿನ ಹಾಸಿಗೆಯ ನಾಲ್ಕೂ ಬದಿಗೆ ಕಂಬಿಗಳ ಕಟಾಂಜನ ಇತ್ತು. ಅವನು ಚೌಕಟ್ಟು ಹಿಡಿದು ಅಲುಗಾಡಿಸಿದ, ಕೆಳಗೆ ನುಸುಳಿ ಹಲಗೆಗಳನ್ನು ಗುದ್ದಿದ, ಕೊನೆಗೆ ಲಾಲವಾನಿಯನ್ನೇ ಮೇಲೆ ಹತ್ತಿಸಿದ. ಆತ ಹತ್ತಿ ಕೂತು ಅಲ್ಲಿಂದಲೇ ಚಹಾ ತರಿಸಿಕೊಂಡ.

ಮಂಚವನ್ನು ಬಿಚ್ಚಿ ಮೂರು ಮಹಡಿ ಹೊತ್ತು ತಂದು ಜೋಡಿಸಿದ ಮೇಲೆ ಹೊಸ ತೊಡಕು ಎದ್ದಿತು. ಮೇಲೆ ಕೂತು ಕೈ ಚಾಚಿದರೆ ಫ್ಯಾನಿನ ರೆಕ್ಕೆ ಸಿಗುತ್ತಿತ್ತು. ಆಚೆ ಗೋಡೆಗೆ ಸರಿಸಿದರೆ ಕಿಟಕಿ. ಮಂಚ ಇದ್ದಲ್ಲೇ ಉಳಿಯಿತು, ಫ್ಯಾನು ಹೋಯಿತು. ಬದಲಿಗೆ ಗೋಡೆಗೆ ಹಾಕಿದ ಫ್ಯಾನು ಕತ್ತು ತಿರುಗಿಸುತ್ತ ಎಲ್ಲರಿಗೂ ಸರದಿಯಂತೆ ಒಂದೊಂದು ಗುಟುಕು ಗಾಳಿ ಕೊಡುತ್ತಿತ್ತು. ಏಪ್ರಿಲಿನ ಸೆಕೆ ಬೇರೆ. ಇಂದುತಾಯಿ ಮೊಮ್ಮಗಳಿಗೆಂದು ಹೊಸ ಹತ್ತಿ ತುಂಬಿಸಿ ಗಾದಿ ಮಾಡಿಸಿದ್ದಳು. ಅದನ್ನು ಹಾಸಿದರೆ ಕಟಾಂಜನ ಎರಡೇ ಬೆರಳು ಮೇಲೆ ಉಳಿಯುತ್ತಿತ್ತು. ಗಾದಿಯಿಂದ ಕಡೇ ಪಕ್ಷ ಐದು ಇಂಚು ಮೇಲೆ ಇರಬೇಕು ಎಂದು ವಿದ್ಯಾಧರ ಆ ಗಾದಿಯನ್ನು ಸುತ್ತಿ ಪಡಸಾಲೆಯ ದಿವಾನದ ಮೇಲೆ ಇಟ್ಟ. ಆ ರಾತ್ರಿಯಿಂದ ಇಂದುತಾಯಿ ತಾನೇ ಅದರ ಮೇಲೆ ಮಲಗಿದಳು.

ಆಮೇಲೆ ನಿಯಮಗಳು ಬಂದವು. ಹನ್ನೊಂದು. ಪ್ಲಾಸ್ಟಿಕ್ ಹೊದಿಸಿ ಗೋಡೆಗೆ ಅಂಟಿಸಿದ್ದ. ಆರು ವರ್ಷದೊಳಗಿನವರು ಮೇಲೆ ಹತ್ತಬಾರದು. ಮೇಲೆ ಒಬ್ಬರೇ. ಇಳಿಯುವಾಗ ಮುಖ ಏಣಿಯ ಕಡೆಗೆ, ಎರಡೂ ಕೈ ಹಿಡಿತದಲ್ಲಿ. ಸಾಕ್ಸ್ ಹಾಕಿಕೊಂಡು ಏಣಿ ಮುಟ್ಟಬಾರದು. ಓಢಣಿ, ಹಗ್ಗ, ಬೆಲ್ಟು ಯಾವುದನ್ನೂ ಕಂಬಿಗೆ ಕಟ್ಟಬಾರದು. ಜಿಗಿಯಬಾರದು. ತಿಂಗಳ ಮೊದಲ ಭಾನುವಾರ ಬಾಬಾ, ಅಂದರೆ ಅಪ್ಪ, ಎಲ್ಲ ಸ್ಕ್ರೂಗಳನ್ನು ಬಿಗಿಮಾಡುತ್ತಾರೆ. ಹೀಗೆ.

ಕಾರ್ಖಾನೆಯ ಆರುನೂರು ಜನರಲ್ಲಿ ಅವನಿಗೆ ಸಿಗದ ಶಿಷ್ಯೆ ಮನೆಯಲ್ಲಿ ಸಿಕ್ಕಳು. ಓವಿ ಹನ್ನೊಂದನ್ನೂ ಬಾಯಿಪಾಠ ಮಾಡಿ ತಮ್ಮನ ಮೇಲೆ ಜಾರಿಗೆ ತಂದಳು. ಏಣಿಯ ಮೇಲೆ ಟವೆಲ್ ಒಣಹಾಕಿದ್ದಕ್ಕೆ ತಾಯಿಯನ್ನು ಎರಡು ಸಲ ಎಚ್ಚರಿಸಿದಳು. ನಮ್ಮ ಮನೆಗೆ ಈಗ ಇಬ್ಬರು ಅಧಿಕಾರಿಗಳಾದರು, ಕೆಲಸದವಳು ನಾನೊಬ್ಬಳೇ ಎಂದು ಶುಭದಾ ಬ್ಯಾಂಕಿನಲ್ಲಿ ಹೇಳಿಕೊಂಡು ನಗಿಸಿದಳು.

ಜುಲೈಯಲ್ಲಿ ಕಾರ್ಖಾನೆಯಲ್ಲಿ ಅಪಘಾತವಿಲ್ಲದ ಸಾವಿರ ದಿನಗಳು ತುಂಬಿದವು. ವಿದ್ಯಾಧರನಿಗೆ ಶಾಲು ಹೊದಿಸಿ ಕೈಗೆ ತೆಂಗಿನಕಾಯಿ ಕೊಟ್ಟರು. ಎಲ್ಲರಿಗೂ ಪೇಢೆ ಹಂಚಿ ಮಧ್ಯಾಹ್ನವೇ ಮನೆಗೆ ಬಿಟ್ಟರು. ಅಷ್ಟು ಹೊತ್ತಿಗೆ ಮನೆ ಸೇರಿ ಅವನಿಗೆ ಎಷ್ಟೋ ವರ್ಷವಾಗಿತ್ತು. ತನ್ನ ಕೀಲಿಯಿಂದ ಬಾಗಿಲು ತೆಗೆದು ಬೂಟು ಕಳಚಿದ. ಮಕ್ಕಳು ಶಾಲೆಯಲ್ಲಿ, ಶುಭದಾ ಬ್ಯಾಂಕಿನಲ್ಲಿ. ದಿವಾನದ ಮೇಲೆ ತಾಯಿ ಇರಲಿಲ್ಲ. ಅಡುಗೆಮನೆಯಲ್ಲೂ ಇಲ್ಲ, ಬಚ್ಚಲಲ್ಲೂ ಇಲ್ಲ. ಎಲ್ಲಾದರೂ ತಲೆ ಸುತ್ತಿ ಬಿದ್ದಿರಬಹುದೆಂದು ಕೋಣೆಗೆ ಓಡಿದ. ಕೆಳಗಿನ ಹಾಸಿಗೆಯ ಮೇಲೆ ಅವಳ ಕನ್ನಡಕ ಮಡಚಿಟ್ಟಿತ್ತು. ಮೇಲಿನ ಕಂಬಿಗಳ ನಡುವಿಂದ ಹಸಿರು ಸೀರೆಯ ಅಂಚು ಇಣುಕುತ್ತಿತ್ತು.

ಎಪ್ಪತ್ತೊಂದು ವರ್ಷದ ಇಂದುತಾಯಿ ಮೇಲಿನ ಹಾಸಿಗೆಯಲ್ಲಿ ಗೋಡೆಗೆ ಮುಖಮಾಡಿ ಮೊಳಕಾಲು ಮಡಚಿ ಗಾಢವಾಗಿ ನಿದ್ದೆ ಹೋಗಿದ್ದಳು. ವಿದ್ಯಾಧರ ಏಣಿಯ ಬುಡಕ್ಕೆ ಬಂದು ನಿಂತ. ಮೆಲ್ಲಗೆ ಕರೆದ. ಅವಳು ಕಣ್ಣು ಬಿಟ್ಟು ಮಗನನ್ನೂ ಅವನ ಹೆಗಲ ಮೇಲಿನ ಶಾಲನ್ನೂ ನೋಡಿದಳು.

"ಯಾಕ, ಇಷ್ಟು ಲಗೂ ಬಂದಿ? ನೌಕರಿ ಹೋತೇನು?"

"ಆಯಿ, ನೀ ಅಲ್ಲಾಡಬ್ಯಾಡ. ಹಂಗs ಇರು. ನಾ ಬಂದು ಇಳಸ್ತೀನಿ."

"ದಿನಾ ನಾನs ಇಳೀತೀನಲ್ಲೋ. ನೀ ಸರಿ ಅತ್ಲಾಗ."

ದಿನಾ ಎಂಬ ಮಾತು ಕೇಳಿ ಅವನಿಗೆ ಇನ್ನೂ ಗಾಬರಿಯಾಯಿತು. ಶಾಲು ಹೆಗಲ ಮೇಲಿದ್ದಂತೆಯೇ ಏಣಿ ಹತ್ತಿದ. ಮೂರನೇ ಮೆಟ್ಟಿಲಲ್ಲಿ ನುಣುಪಾದ ಸಾಗವಾನಿಯ ಮೇಲೆ ನೈಲಾನ್ ಸಾಕ್ಸು ಜಾರಿತು. ಬಿದ್ದ ರಭಸಕ್ಕೆ ಬಲಗೈ ದೊಡ್ಡ ಮಂಚದ ಅಂಚಿಗೆ ಬಡಿಯಿತು. ಕಟ್ ಎಂದ ಸದ್ದು ಅವನಿಗೂ ಕೇಳಿಸಿತು, ಅವಳಿಗೂ ಕೇಳಿಸಿತು.

ಇಂದುತಾಯಿ ಎದ್ದು ಕೂತು, ಸೀರೆಯನ್ನು ಮೊಳಕಾಲಿನ ನಡುವೆ ಸಿಕ್ಕಿಸಿ, ಏಣಿಯ ಕಡೆಗೆ ಮುಖಮಾಡಿ, ಎರಡೂ ಕೈಯಿಂದ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಬಂದಳು. ನೋವಿನಲ್ಲಿ ತನಗೆ ಕಣ್ಣು ಕತ್ತಲೆ ಬರುತ್ತಿದ್ದರೂ ಅವಳು ಎಲ್ಲವನ್ನೂ ಸರಿಯಾಗಿ ಮಾಡಿದ್ದು ನೆಲದ ಮೇಲೆ ಬಿದ್ದಿದ್ದ ವಿದ್ಯಾಧರನ ಗಮನಕ್ಕೆ ಬಾರದೆ ಇರಲಿಲ್ಲ.

ಪಕ್ಕದ ಮನೆಯ ಸಾಠೆ ರಿಕ್ಷಾ ಮಾಡಿ ಆಸ್ಪತ್ರೆಗೆ ಕರೆದೊಯ್ದರು. ಮಣಿಕಟ್ಟಿನ ಎಲುಬು ಮುರಿದಿತ್ತು. ಹೇಗಾಯಿತು ಎಂದು ಡಾಕ್ಟರು ಕೇಳಿದಾಗ ವಿದ್ಯಾಧರ ಬಿದ್ದೆ ಎಂದಷ್ಟೇ ಹೇಳಿದ. ಉಳಿದದ್ದನ್ನು ಇಂದುತಾಯಿ ಮಂಚ ತಂದ ದಿನದಿಂದ ಹಿಡಿದು ಹೇಳಿದಳು. ಡಾಕ್ಟರು ಆರು ವಾರದ ಪ್ಲಾಸ್ಟರ್ ಹಾಕಿ, ಮನೆಯಲ್ಲಿ ಮಕ್ಕಳಿದ್ದಾರೆ, ಜೋಕೆ ಎಂದರು.

ಸಂಜೆ ಓವಿ ಶಾಲೆಯಿಂದ ಬಂದು, ಅಪ್ಪನ ಕೈ ನೋಡಿ ಮೊದಲು ಅತ್ತಳು. ಅತ್ತು ಮುಗಿದ ಮೇಲೆ ವಿಚಾರಣೆ ಶುರುಮಾಡಿದಳು. ಅಜ್ಜಿ ರಜೆ ಮುಗಿದು ಶಾಲೆ ಶುರುವಾದಾಗಿನಿಂದಲೇ ದಿನಾ ಮಧ್ಯಾಹ್ನ ಮೇಲೆ ಹತ್ತಿ ಮಲಗುತ್ತಿದ್ದದ್ದು ಹೊರಬಿತ್ತು. ಶುಭದಾ ಹಣೆಗೆ ಕೈ ಹಚ್ಚಿಕೊಂಡಳು. ಓವಿ ಗೋಡೆಯ ಮೇಲಿನ ಹಾಳೆಯನ್ನು ಮತ್ತೊಮ್ಮೆ ಓದಿದಳು.

"ಬಾಬಾ, ಆಜಿದು ತಪ್ಪಿಲ್ಲ. ಆರು ವರ್ಷದ ಒಳಗಿನವರು ಅಂತ ನೀನs ಬರ್ದಿ. ಆಜಿಗೆ ಎಪ್ಪತ್ತೊಂದು. ಸಾಕ್ಸ್ ಹಾಕ್ಕೊಂಡಾಂವ ನೀನು."

ಮರುದಿನ ಕಾರ್ಖಾನೆಯಿಂದ ಮ್ಯಾನೇಜರ್ ಪಾಳಂದೆ ಇಬ್ಬರನ್ನು ಕರೆದುಕೊಂಡು ನೋಡಲು ಬಂದರು. ಕೂತವರೇ ಮೊದಲು ಕೇಳಿದ್ದು, ಬಿದ್ದದ್ದು ಕೆಲಸದ ವೇಳೆಯಲ್ಲೋ ಹೇಗೆ ಎಂದು. ಮನೆಗೆ ಬಂದ ಮೇಲೆ ಎಂದು ಗೊತ್ತಾದಾಗ ಮೂವರ ಮುಖವೂ ಅರಳಿತು. ಲೆಕ್ಕ ಸಾವಿರದ ಒಂದಕ್ಕೆ ದಾಟಿದೆ, ನೀವು ಚಿಂತೆ ಮಾಡಬೇಡಿ ಎಂದು ಸಮಾಧಾನ ಹೇಳಿ, ಚಹಾ ಕುಡಿದು ಹೋದರು.

ದೊಡ್ಡ ಮಂಚದ ಮೇಲೆ ಶುಭದಾ ನಿದ್ದೆಯಲ್ಲಿ ಕೈಕಾಲು ಬೀಸುತ್ತಾಳೆಂದು ವಿದ್ಯಾಧರನಿಗೆ ಕೆಳಗಿನ ಹಾಸಿಗೆ ಸಿಕ್ಕಿತು. ಅಬೀರ ಕುಣಿಯುತ್ತ ತಾಯಿಯ ಪಕ್ಕಕ್ಕೆ ಹೋದ. ಹಗಲೆಲ್ಲ ಮನೆಯಲ್ಲಿ ಉಳಿದವರು ತಾಯಿ ಮಗ ಇಬ್ಬರೇ. ಮೊದಲ ವಾರ ಇಂದುತಾಯಿ ದಿವಾನದ ಮೇಲೆಯೇ ಮಲಗಿದಳು. ಅಂದರೆ ಮಲಗಲು ನೋಡಿದಳು. ಕೋಣೆಯಲ್ಲಿ ಬಿದ್ದುಕೊಂಡ ವಿದ್ಯಾಧರನಿಗೆ ಎಲ್ಲವೂ ಕೇಳಿಸುತ್ತಿತ್ತು. ಗಂಟೆ ಬಾರಿಸಿದ ಕೊರಿಯರಿನವನು. ಕೀಲಿ ಇಟ್ಟುಕೊಳ್ಳಿ ಎಂದ ಮೇಲಿನ ಮನೆಯವರು. ನೀರು ನಿಲ್ಲಿಸುತ್ತೇವೆ, ಬಕೆಟ್ ತುಂಬಿಸಿಕೊಳ್ಳಿ ಎಂದ ವಾಚಮನ್. ಸಂಜೆಗೆ ಕಡಲೆ ನೆನೆಹಾಕಿರಿ ಎಂದು ಬ್ಯಾಂಕಿನಿಂದ ಶುಭದಾಳ ಫೋನು. ಒಂದು ಮಧ್ಯಾಹ್ನ ಅವನು ಎಣಿಸಿದ. ಎರಡು ತಾಸಿನಲ್ಲಿ ಅವಳು ಹನ್ನೊಂದು ಸಲ ಎದ್ದಿದ್ದಳು.

ಮರುದಿನ ಊಟವಾದ ಮೇಲೆ ಅವನೇ ಹೇಳಿದ, "ಆಯಿ, ನೀ ಮ್ಯಾಲ ಹೋಗಿ ಮಲ್ಕೊ."

ಅವಳು ಅವನ ಮುಖ ನೋಡಿದಳು, ಕನ್ನಡಕ ತೆಗೆದು ಅವನ ದಿಂಬಿನ ಪಕ್ಕ ಇಟ್ಟಳು, ಹತ್ತಿದಳು. ಸ್ವಲ್ಪ ಹೊತ್ತಿನ ಮೇಲೆ ಅವನು ಹಲಗೆಗಳನ್ನು ನೋಡುತ್ತ ಕೇಳಿದ, ಅಷ್ಟು ಎತ್ತರದಲ್ಲಿ ಅಂಜಿಕೆ ಆಗುವುದಿಲ್ಲವೇ ಎಂದು. ಮೇಲಿನಿಂದ ಮಾತು ಬಂತು. ಅವಳು ಚಿಕ್ಕವಳಿದ್ದಾಗ ಗಿರಗಾಂವದಲ್ಲಿ ವಠಾರದಂಥ ಚಾಳಿನ ಒಂದೇ ಖೋಲಿಯಲ್ಲಿ ಒಂಬತ್ತು ಜನರಿದ್ದರಂತೆ. ಹೆಣ್ಣುಮಕ್ಕಳು ನಾಲ್ಕು ಜನ ಅಟ್ಟದ ಮೇಲೆ ಮಲಗುತ್ತಿದ್ದರಂತೆ. ಕಟಾಂಜನ ಇಲ್ಲ, ಏಣಿ ಇಲ್ಲ, ಕಬ್ಬಿಣದ ಟ್ರಂಕಿನ ಮೇಲೆ ಕಾಲಿಟ್ಟು ಹತ್ತುವುದು. ಒಮ್ಮೆ ತಂಗಿ ಕುಸುಮ ಉರುಳಿ ಕೆಳಗೆ ಮಲಗಿದ್ದ ಅಪ್ಪನ ಮೇಲೆ ಬಿದ್ದಳು. ಅವಳಿಗೆ ಎಚ್ಚರವೇ ಆಗಲಿಲ್ಲ, ಅಪ್ಪನ ಮುಂದಿನ ಹಲ್ಲು ಹೋಯಿತು.

ವಿದ್ಯಾಧರ ನಕ್ಕ. ನಕ್ಕರೆ ಕೈ ನೋಯುತ್ತಿತ್ತು.

"ಅಂಜಿಕಿ ಬರ್ತಿತ್ತು, ಆ ಮಾತು ಬ್ಯಾರೆ," ಎಂದಳು ಅವಳು. "ಆದ್ರ ಮ್ಯಾಲ ಹೋಗಿ ಮಲ್ಕೊಂಡ್ರ ಯಾರೂ ಏನೂ ಕೇಳ್ತಿರಲಿಲ್ಲ. ನಮ್ಮ ಇಂದು ಎಲ್ಲಿದ್ದಾಳ ಅಂದ್ರ, ಮಲಗ್ಯಾಳ ಅಂತಿದ್ರು. ಅಷ್ಟs."

ಹೀಗೆ ಐದು ವಾರ ನಡೆಯಿತು. ತಾಯಿ ಮೇಲೆ, ಮಗ ಕೆಳಗೆ, ಒಬ್ಬರ ಮುಖ ಒಬ್ಬರಿಗೆ ಕಾಣದು. ಅವನ ಮದುವೆಯಾದ ಮೇಲೆ ಆಡದ ಮಾತನ್ನೆಲ್ಲ ಆ ಮಧ್ಯಾಹ್ನಗಳಲ್ಲಿ ಅವರು ಆಡಿದರು. ಬಾಗಿಲ ಗಂಟೆಯಾದರೆ ಪ್ಲಾಸ್ಟರ್ ಹಾಕಿದ ಕೈ ಹೊತ್ತುಕೊಂಡು ವಿದ್ಯಾಧರನೇ ಏಳುತ್ತಿದ್ದ.

ಪ್ಲಾಸ್ಟರ್ ತೆಗೆಸಿ ಕೆಲಸಕ್ಕೆ ಹೊರಡುವ ಮುಂಚೆ ತಾಯಿಗೆ ಏನಾದರೂ ವ್ಯವಸ್ಥೆ ಮಾಡಿಕೊಡಬೇಕೆಂದು ಅವನಿಗೆ ಅನಿಸಿತು. ಅವನು ಬಲ್ಲ ದಾರಿ ಒಂದೇ. ಹನ್ನೆರಡನೇ ನಿಯಮ ಬರೆದ: ಮಧ್ಯಾಹ್ನ ಒಂದರಿಂದ ಮೂರರವರೆಗೆ ಮೇಲಿನ ಹಾಸಿಗೆ ಆಜಿಯದು. ಏಣಿಯ ಮೆಟ್ಟಿಲುಗಳಿಗೆ ಒರಟು ಪಟ್ಟಿ ಅಂಟಿಸಿದ. ಕೈ ಹಿಡಿಯಲು ಇನ್ನೊಂದು ಹಿಡಿಕೆ ಹಾಕಿಸಿದ. ಶುಭದಾ ಮೇಲೆ ನೀರಿನ ಬಾಟಲಿ ಇಟ್ಟಳು. ಇಳಿಯುವ ತ್ರಾಸು ಬೇಡವೆಂದು ಮೊಬೈಲು ಇಡಲು ಒಂದು ಚೀಲವನ್ನು ಕಂಬಿಯ ಒಳಬದಿಗೆ ಮೊಳೆಯಿಂದ ಬಿಗಿಸಿದಳು. ಏನಾದರೂ ಬೇಕಾದರೆ ಬಾರಿಸಲಿ ಎಂದು ಓವಿ ದೇವರ ಪೂಜೆಯ ಗಂಟೆಯನ್ನು ತಂದಿಟ್ಟಳು. ಎಲ್ಲರಿಗೂ ಬಹಳ ಸಂತೋಷವಾಯಿತು.

ಇಂದುತಾಯಿ ನಾಲ್ಕು ದಿನ ಮೇಲೆ ಮಲಗಿದಳು. ಮೊದಲ ದಿನ ಶುಭದಾಳ ಫೋನು, ಆರಾಮವಾಗಿ ಹತ್ತಿದಿರಾ ಎಂದು. ಮೂರನೇ ದಿನ ಪುಣೆಯಲ್ಲಿದ್ದ ಅವಳ ಮಗಳ ಫೋನು, ನೀನೀಗ ಅಟ್ಟದ ಮೇಲೆ ಮಲಗುತ್ತೀಯಂತಲ್ಲ ಎಂದು. ವಿದ್ಯಾಧರನಂತೂ ಒಂದೂವರೆಗೆ ಒಮ್ಮೆ, ಮೂರಕ್ಕೆ ಇಳಿಯುವ ಹೊತ್ತಿಗೆ ಒಮ್ಮೆ, ನಾಲ್ಕೂ ದಿನ ಫೋನು ಮಾಡಿದ. ಐದನೇ ದಿನದಿಂದ ಅವಳು ಮೇಲೆ ಹತ್ತಲಿಲ್ಲ. ಊಟ ಮುಗಿಸಿ, ಚಪ್ಪಲಿ ಮೆಟ್ಟಿ, ಬಾಗಿಲು ಎಳೆದುಕೊಂಡು ಹೋಗತೊಡಗಿದಳು. ಮೊಬೈಲು ಮೇಲಿನ ಚೀಲದಲ್ಲೇ ಇರುತ್ತಿತ್ತು. ಎಲ್ಲಿಗೆ ಹೋಗುತ್ತೀರಿ ಎಂದು ಶುಭದಾ ಕೇಳಿದರೆ, ಇಲ್ಲೇ, ಎನ್ನುತ್ತಿದ್ದಳು. ಸಾಠೆಯವರ ಮನೆಗೆ ಹೋಗಿರಲಿಲ್ಲ. ಗಣಪತಿ ಗುಡಿಯಲ್ಲೂ ಯಾರೂ ಕಂಡಿರಲಿಲ್ಲ. ಸಂಜೆ ಮಕ್ಕಳು ಬರುವಷ್ಟರಲ್ಲಿ ಬಂದಿರುತ್ತಿದ್ದಳು, ಚೆನ್ನಾಗಿ ನಿದ್ದೆ ಮಾಡಿದವರ ಮುಖ ಹೊತ್ತು.

ಹಿಂದೆ ಹೋಗಿ ನೋಡಿಕೊಂಡು ಬರಲೇ ಎಂದು ಓವಿ ಕೇಳಿದಳು. ವಿದ್ಯಾಧರ ಬೇಡ ಎಂದ. ಆಜಿ ಎಲ್ಲಿ ಎಂದು ಯಾರಾದರೂ ಕೇಳಿದರೆ, ಮಲಗ್ಯಾಳ ಅನ್ನು ಎಂದ.

ಕಾರ್ಖಾನೆಯಲ್ಲಿ ಎರಡು ಗಂಟೆಯ ಸುಮಾರಿಗೆ ಅವನ ಕೈ ಈಗಲೂ ತಾನಾಗಿ ಫೋನಿನ ಕಡೆ ಹೋಗುತ್ತದೆ. ತಾಯಿಯ ನಂಬರು ಒತ್ತುತ್ತಾನೆ. ಯಾರೂ ಇಲ್ಲದ ಮನೆಯಲ್ಲಿ, ಮೇಲಿನ ಹಾಸಿಗೆಯ ಚೀಲದಲ್ಲಿ ಅವಳ ಮೊಬೈಲು ಒಂದಷ್ಟು ಹೊತ್ತು ರಿಂಗಾಗುತ್ತದೆ. ಆಮೇಲೆ ಇಟ್ಟು, ಹೆಲ್ಮೆಟ್ ಹಾಕಿಕೊಂಡು, ರೌಂಡಿಗೆ ಹೋಗುತ್ತಾನೆ.