ಮನೆಯವರಿಗೆ ಅರ್ಥವಾಗುವ ಮಾತು

ಲ್ಯಾಪ್‌ಟಾಪಿನ ಪರದೆಯಲ್ಲಿ ನಾಲ್ಕನೇ ಪಾಠದ ಮೇಷ್ಟರು ಹಿಮದ ಬಗ್ಗೆ ಮಾತಾಡುತ್ತಿದ್ದರು. ಮನೆಯ ಸುತ್ತ ಹಿಮ ಬಿದ್ದು ನೆಲ ಗಟ್ಟಿಯಾದರೆ ಮಣ್ಣಿನೊಳಗಿನ ರೇಡಾನ್ ಅನಿಲಕ್ಕೆ ಹೊರಗೆ ಹೋಗಲು ದಾರಿ ಸಿಗದೆ ನೆಲಮಾಳಿಗೆಗೆ ನುಗ್ಗುತ್ತದಂತೆ. ಶಿಡ್ಲಘಟ್ಟದ ಬಾಡಿಗೆ ಕೋಣೆಯಲ್ಲಿ ಫ್ಯಾನು ಜೋರು ಮಾಡಿಕೊಂಡು, ಕತ್ತಿನ ಬೆವರು ಒರೆಸಿಕೊಳ್ಳುತ್ತ ನಾನು ಹಿಮದ ಪಾಠ ಕೇಳುತ್ತಿದ್ದೆ. ಕೇಳದೆ ವಿಧಿಯಿರಲಿಲ್ಲ.

ನನ್ನ ಹೆಸರು ಶರ್ವಾಣಿ. ಮನೆಗಳಲ್ಲಿ ರೇಡಾನ್ ಅಳೆಯುವುದು, ಹೆಚ್ಚಿದ್ದರೆ ಕಡಿಮೆ ಮಾಡಿಸುವುದು ನನ್ನ ಕೆಲಸ. ಚಿಕ್ಕಬಳ್ಳಾಪುರದಲ್ಲಿರುವ ನನ್ನಪ್ಪ ಪುಟ್ಟಸ್ವಾಮಯ್ಯನವರು ನಿವೃತ್ತ ಮೇಷ್ಟರು. ಎಷ್ಟು ಸಲ ಬಿಡಿಸಿ ಹೇಳಿದರೂ ನೆಂಟರ ಮುಂದೆ "ಮಗಳು ಗ್ಯಾಸ್ ಕಂಪನೀಲಿದಾಳೆ" ಅನ್ನುತ್ತಾರೆ. ನೆಂಟರು ಸಿಲಿಂಡರು ಬೇಗ ಕೊಡಿಸು ಎಂದು ನನಗೆ ಗಂಟು ಬೀಳುತ್ತಾರೆ. ರೇಡಾನಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಬಂಡೆಯಲ್ಲಿ ಹುಟ್ಟಿ ನೆಲದ ಬಿರುಕಿನಿಂದ ಮೇಲೆದ್ದು ಬರುತ್ತದೆ. ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶದ ಕ್ಯಾನ್ಸರು ತರಬಲ್ಲದು. ನಮ್ಮ ಸೀಮೆ ಎಲ್ಲಿ ಅಗೆದರೂ ಬಂಡೆ, ಹಾಗಾಗಿ ಬೆಂಗಳೂರಿನ ಒಂದು ಕಂಪನಿ ಮೇಲೂರು ಸುತ್ತಿನ ಮನೆಗಳನ್ನು ಅಳೆಯಲು ನನ್ನನ್ನು ನೇಮಿಸಿಕೊಂಡಿತ್ತು.

ಅಳೆಯುವವರಿಗೆ ಸರ್ಟಿಫಿಕೇಟು ಇರಬೇಕು. ಅದನ್ನು ಕೊಡುವ ಸಂಸ್ಥೆ ಹೊರದೇಶದ್ದು. ಎರಡು ವರ್ಷಕ್ಕೊಮ್ಮೆ ಅವರು ಹೇಳಿದಷ್ಟು ಗಂಟೆ ಮತ್ತೆ ತರಬೇತಿ ಪಡೆಯದಿದ್ದರೆ ಸರ್ಟಿಫಿಕೇಟು ರದ್ದು. ನನ್ನ ಕೆಲಸ ಹೋಗುವುದು ಒತ್ತಟ್ಟಿಗಿರಲಿ, ನಾನು ಅಳೆದ ಮನೆಗಳಿಗೆ ಕಂಪನಿ ಹಾಕಿಸಿಕೊಡಬೇಕಿದ್ದ ಪೈಪು, ಫ್ಯಾನುಗಳೂ ಅಲ್ಲಿಗೇ ನಿಲ್ಲುತ್ತವೆ. ಅವತ್ತು ಕೊನೆಯ ದಿನ, ಇದು ಕೊನೆಯ ಪಾಠ. ಕ್ಯಾಮೆರಾದಲ್ಲಿ ಮುಖ ಕಾಣುತ್ತಿರಬೇಕು. ಆಗಾಗ ಪರದೆಯ ಮೇಲೆ "ಇದ್ದೀರಾ?" ಎಂಬ ಪ್ರಶ್ನೆ ಎದ್ದಾಗ ಗುಂಡಿ ಒತ್ತಬೇಕು. ಒತ್ತದಿದ್ದರೆ ಅಷ್ಟೂ ಗಂಟೆ ನೀರುಪಾಲು. ಶಾಲೆಯಲ್ಲಿ ಹಾಜರಿ ಕೂಗುತ್ತಿದ್ದ ನನ್ನಪ್ಪ ಕೂಡ ಇಷ್ಟು ಅನುಮಾನದ ಮನುಷ್ಯರಲ್ಲ.

ಮೂರನೇ ಪಾಠದಲ್ಲಿ ನನಗೆ ಪೂರ್ತಿ ಅಂಕ ಬಂದಿತ್ತು. ಫಲಿತಾಂಶವನ್ನು ಮನೆಯವರಿಗೆ ತಿಳಿಸುವುದು ಹೇಗೆ ಎಂಬ ಪಾಠ ಅದು. ವಿಜ್ಞಾನದ ಪದಗಳನ್ನು ಬಿಡಿ, ಆ ಊರಿನವರ ದಿನಬಳಕೆಯ ಮಾತು ಹಿಡಿಯಿರಿ, ಸಣ್ಣ ಸಣ್ಣ ವಾಕ್ಯ ಆಡಿ ಎಂದು ಹೇಳಿಕೊಟ್ಟಿದ್ದರು. ಅದರ ಮಾರನೆಯ ದಿನವೇ ಮೇಲೂರಿನ ವೆಂಕಟರಾಮಪ್ಪನವರ ಮನೆಯಲ್ಲಿ ನಾನು ಆ ಪಾಠವನ್ನು ಅಕ್ಷರಶಃ ಜಾರಿಗೆ ತಂದಿದ್ದೆ.

ಅದು ಕಲ್ಲುಚಪ್ಪಡಿಯ ಹಳೇ ಮನೆ. ಹಿಂದಿನ ಒಳಕೋಣೆಯಲ್ಲಿ ಅವರ ಮಗಳು ಪವಿತ್ರ ಹೆರಿಗೆಯಾಗಿ ಮಲಗಿದ್ದಳು. ಅಳೆಯುವ ಮೊದಲು ಕಿಟಕಿ ಬಾಗಿಲು ಮುಚ್ಚಿಡಿ ಎಂದು ಪ್ರತಿ ಮನೆಯಲ್ಲೂ ನಾನು ಗೋಗರೆಯಬೇಕು. ಬಾಣಂತಿಯ ಕೋಣೆಗೆ ಆ ಮಾತು ಬೇಕಾಗಲಿಲ್ಲ. ಕಿಟಕಿಗೆ ಕಂಬಳಿ, ಬಾಗಿಲಿಗೆ ಎರಡು ಪದರದ ಸೀರೆ, ಬಾಣಂತಿಯ ಕಿವಿಗೆ ಹತ್ತಿ. ಮೀಟರು ತೋರಿಸಿದ ಅಂಕಿ ನೋಡಿ ನನಗೇ ಗಾಬರಿಯಾಯಿತು. ಪವಿತ್ರಳ ತಾಯಿ ಶ್ಯಾಮಲಮ್ಮನನ್ನು ಹಜಾರಕ್ಕೆ ಕರೆದು ಕೂರಿಸಿದೆ.

"ಅಮ್ಮಾ, ಈ ರೂಮಲ್ಲಿ ಕೆಟ್ಟ ಗಾಳಿ ಇದೆ."

ಶ್ಯಾಮಲಮ್ಮನ ಕೈ ತಾಳಿಯ ಮೇಲೆ ಹೋಯಿತು. "ಗಾಳೀನಾ?"

"ಹೂಂ. ಕಣ್ಣಿಗೆ ಕಾಣಲ್ಲ. ನೆಲದ ಒಳಗಿಂದ ಎದ್ದು ಬರುತ್ತೆ. ರಾತ್ರಿ ಹೊತ್ತು ಜಾಸ್ತಿ."

"ಯಾರಿಗಮ್ಮ ತೊಂದ್ರೆ ಕೊಡೋದು ಅದು?"

"ಯಾರು ಯಾವಾಗ್ಲೂ ಒಳಗೇ ಇರ್ತಾರೋ ಅವ್ರಿಗೆ. ಚಪ್ಪಡಿ ಸಂದೀಲಿ ಬಿರುಕು ಬಿಟ್ಟಿದೆಯಲ್ಲ, ಅಲ್ಲಿಂದಾನೇ ಬರೋದು. ಬಿರುಕೆಲ್ಲ ಮುಚ್ಚಿಸಿ. ದಿನಾ ಒಂದಷ್ಟು ಹೊತ್ತು ಕಿಟಕಿ ತೆಗೀರಿ."

ಶ್ಯಾಮಲಮ್ಮ ತಲೆಯಾಡಿಸುತ್ತ ಸೆರಗಿನಿಂದ ಕಣ್ಣೊರೆಸಿಕೊಂಡರು. ರೇಡಾನಿಗೆ ಕಣ್ಣೀರು ಹಾಕಿದ ಮನೆಯೊಡತಿಯನ್ನು ನಾನು ಅದುವರೆಗೂ ನೋಡಿರಲಿಲ್ಲ. ಪಾಠ ಎಂದರೆ ಇದು ಅಂದುಕೊಂಡೆ. ಹೊರಡುವಾಗ ಪವಿತ್ರ ಮಲಗಿದ್ದಲ್ಲಿಂದಲೇ, "ಅಕ್ಕ, ನಿಮ್ಮ ನಂಬರ್ ಕೊಡಿ, ನನಗೆ ಇನ್ನೂ ಕೇಳೋದಿದೆ" ಎಂದು ಮೆಲ್ಲಗೆ ಕೇಳಿ ಬರೆದುಕೊಂಡಳು. ಬಾಣಂತಿ ಫೋನು ನೋಡಬಾರದು ಎಂದು ತಾಯಿ ಗದರಿದರು. ಅವಳು ಅದನ್ನು ಕೌದಿಯ ಕೆಳಗೆ ತಳ್ಳಿದಳು.

ಈಗ ಪಾಠ ಹಿಮವನ್ನು ಬಿಟ್ಟು ಬೆಂಕಿಗೆ ಬಂದಿತ್ತು. ಬಿರುಕು ಮುಚ್ಚಿಸುವ ಮುಂಚೆ ಒಳಗೆ ಏನಾದರೂ ಉರಿಯುತ್ತದೆಯೇ ನೋಡಿ ಎಂದರು ಮೇಷ್ಟರು. ಬಿಗಿಯಾಗಿ ಮುಚ್ಚಿದ ಕೋಣೆಯಲ್ಲಿ ಬೆಂಕಿಯ ವಿಷಾನಿಲ ಒಳಗೇ ಉಳಿಯುತ್ತದೆ. ಮೊದಲು ತಲೆನೋವು, ಆಮೇಲೆ ನಿದ್ದೆ, ಆ ನಿದ್ದೆಯಿಂದ ಏಳುವುದಿಲ್ಲ. ರೇಡಾನಿಗೆ ವರ್ಷಗಳು ಬೇಕು, ಇದಕ್ಕೆ ಒಂದು ಸಂಜೆ ಸಾಕು. ನಾನು ಆಕಳಿಸಿದೆ. ನಮ್ಮಲ್ಲಿ ಯಾರು ಮಲಗುವ ಕೋಣೆಯಲ್ಲಿ ಒಲೆ ಇಟ್ಟುಕೊಳ್ಳುತ್ತಾರೆ ಎಂದು ಮನಸ್ಸಿನಲ್ಲೇ ಮೂಗು ಮುರಿದೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ಫೋನು ಬೆಳಗಿತು.

ಪವಿತ್ರಳ ಸಂದೇಶ. "ಅಕ್ಕ ನೀವು ಹೇಳಿದ್ರಿ ಅಂತ ರೂಮೆಲ್ಲ ಮುಚ್ಚಿದಾರೆ. ಬಾಗಿಲ ಸಂದಿಗೂ ಬಟ್ಟೆ. ಗಾಳಿ ಬಿಡಿಸಕ್ಕೆ ಅಂತ ಅಮ್ಮ ದೊಡ್ಡ ಬಾಣಲೇಲಿ ಕೆಂಡ ಇಟ್ಟು ಸಾಂಬ್ರಾಣಿ, ಬೇವು ಹಾಕಿದಾರೆ. ಗಾಳಿ ಹೋಗೋ ತನಕ ತೆಗೆಯಲ್ವಂತೆ. ತಲೆ ಸಿಡೀತಿದೆ. ಪಾಪು ಅಳ್ತಾನೇ ಇಲ್ಲ."

ಗಾಳಿ. ಹುಣಸೆ ಮರದ ಕೆಳಗೆ ಆಡಬೇಡ ಕಣೇ, ಗಾಳಿ ಸೋಕುತ್ತೆ ಎಂದು ನನ್ನ ಅಜ್ಜಿಯೂ ಹೇಳುತ್ತಿದ್ದಳು. ಕಣ್ಣಿಗೆ ಕಾಣದ್ದು, ನೆಲದಿಂದ ಏಳುವುದು, ರಾತ್ರಿ ಜೋರಾಗುವುದು, ಹಸಿ ಬಾಣಂತಿಯನ್ನೇ ಹಿಡಿಯುವುದು. ಇಷ್ಟನ್ನೂ ನಾನೇ ಒಂದೊಂದಾಗಿ ಎಣಿಸಿ ಆ ತಾಯಿಗೆ ಹೇಳಿಬಂದಿದ್ದೆ, ಮೀಟರು ಹಿಡಿದುಕೊಂಡು, ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು. ಕಿಟಕಿ ತೆಗೆಯಿರಿ ಎಂದದ್ದು ಬಾಣಂತಿ ಮನೆಯಲ್ಲಿ ಯಾರ ಕಿವಿಗೆ ಬೀಳುತ್ತದೆ? ನನ್ನ ಬಾಯಿಗಿಷ್ಟು ಬೆಂಕಿ ಹಾಕ.

ಎದ್ದೆ. "ಇದ್ದೀರಾ?" ಎಂದಿತು ಪರದೆ. ಎದ್ದವಳು ಬಗ್ಗಿ ಗುಂಡಿ ಒತ್ತಿದೆ. ಒತ್ತಿದ ಮೇಲೆ ನನಗೇ ಹೇಸಿಗೆಯಾಯಿತು. ಸ್ಕೂಟರಿನ ಕೀಲಿ ತೆಗೆದುಕೊಂಡು ಮೆಟ್ಟಿಲಿಳಿದೆ, ಖಾಲಿ ಕುರ್ಚಿಗೆ ಮೇಷ್ಟರು ಪಾಠ ಹೇಳುತ್ತಲೇ ಇದ್ದರು.

ಪವಿತ್ರಳಿಗೆ ಫೋನು ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. 108ಕ್ಕೆ ಹೇಳಿದೆ. ವೆಂಕಟರಾಮಪ್ಪನವರಿಗೆ ಮಾಡಿದರೆ ಅವರು ಟೊಮ್ಯಾಟೊ ಹಾಕಿಕೊಂಡು ಚಿಂತಾಮಣಿ ಮಂಡಿಗೆ ಹೋಗಿದ್ದರು. ಹಿಂದೆ ಹರಾಜಿನ ಗದ್ದಲ.

"ಯಜಮಾನ್ರೇ, ಮಗಳ ರೂಮಿನ ಬಾಗ್ಲು ತೆಗೆಸ್ರಿ. ಈಗ್ಲೇ!"

"ತೆಗೆಯೋ ಹಾಗಿಲ್ಲ ಮೇಡಂ. ಗಾಳಿ ಬಿಡಿಸ್ತಾವ್ರೆ. ನೀವೇ ಹೇಳಿದ್ರಂತಲ್ಲ?"

"ಅದು ಆ ಗಾಳಿ ಅಲ್ಲ! ಕೆಂಡದಿಂದ ವಿಷ ಬರುತ್ತೆ. ಪಕ್ಕದ ಮನೆಯವ್ರಿಗೆ ಹೇಳಿ ತೆಗೆಸ್ರಿ, ಮಗೂ ಇದೆ ಒಳಗೆ."

"ದೇವುಡಾ" ಎಂದರು ಅವರು ತಮ್ಮ ಮನೆಮಾತು ತೆಲುಗಿನಲ್ಲಿ, ಅಷ್ಟೇ, ಫೋನು ಕಡಿದುಹೋಯಿತು.

ಮೇಲೂರು ರಸ್ತೆಯಲ್ಲಿ ಅವತ್ತು ಊರಿನ ಟ್ರ್ಯಾಕ್ಟರೆಲ್ಲ ನನ್ನ ಮುಂದೆಯೇ ಇದ್ದವು. ಹಿಪ್ಪುನೇರಳೆ ಸೊಪ್ಪು ತುಂಬಿದ ಒಂದು ಗಾಡಿ ರಸ್ತೆಯ ನಡುವೆ ಹಾಯಾಗಿ ಹೋಗುತ್ತಿತ್ತು. ಹಾರ್ನು ಒತ್ತಿ ಒತ್ತಿ ಬೈದೆ. ಗಾಡಿಯವನು ತಿರುಗಿ ನೋಡಿ, "ಏನಮ್ಮ, ಪ್ರಾಣ ಹೋಗೋ ಹಂಗೆ ಆಡ್ತೀಯಾ?" ಎಂದ. ಹೌದು ಎಂದು ಕಿರುಚಿದೆ. ಅಳು ಬಂತು. ದೇವರೇ, ಆ ಮಗು ಅಳುತ್ತಿರಲಿ, ಇನ್ನೇನೂ ಬೇಡ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ. ನಾನು ದೇವರನ್ನು ಕರೆಯುವವಳಲ್ಲ.

ಮನೆಯ ಮುಂದೆ ನಾಲ್ಕಾರು ಹೆಂಗಸರು ನಿಂತಿದ್ದರು. ವೆಂಕಟರಾಮಪ್ಪನವರ ಫೋನು ಬಂದು ಅವರು ಓಡಿ ಬಂದದ್ದೇನೋ ನಿಜ, ಆದರೆ ಶ್ಯಾಮಲಮ್ಮ ಒಳಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ಕೂತುಬಿಟ್ಟಿದ್ದರು. ಕೈಯಲ್ಲಿ ಬೇವಿನ ಸೊಪ್ಪು. ಬಾಗಿಲ ಸುತ್ತ ಒದ್ದೆ ಬಟ್ಟೆ ತುರುಕಿದ್ದರು, ಒಂದು ಕಡೆಯೂ ಸಂದಿಯಿರಲಿಲ್ಲ. ನಮ್ಮ ಕೆಲಸದವರು ಕೂಡ ಇಷ್ಟು ಚೆನ್ನಾಗಿ ಮುಚ್ಚುವುದಿಲ್ಲ.

"ಏಳಿ ಅಮ್ಮಾ, ಬಾಗ್ಲು ತೆಗೀರಿ! ಒಳಗೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಂಡಿರುತ್ತೆ!"

"ಈಗ ತೆಗೆದ್ರೆ ಅರ್ಧದಲ್ಲಿ ಬಿಟ್ಟ ಹಂಗಾಗುತ್ತೆ ಮೇಡಮ್ಮ. ಹಸಿ ಮೈ ಅವಳ್ದು. ನೀವೇ ಹೇಳಿದ್ರಲ್ಲ, ಬಿರುಕಲ್ಲಿ ಬರುತ್ತೆ, ಮುಚ್ಚಿ ಅಂತ?"

"ನಾನು ಹೇಳಿದ್ದು ತಪ್ಪಾಯ್ತು. ಅದು ದೆವ್ವ ಅಲ್ಲ, ಗ್ಯಾಸು!"

"ಗ್ಯಾಸು ನಮ್ಮನೇಲಿ ಅಡುಗೆ ಮನೇಲೈತೆ" ಎಂದರು ಶ್ಯಾಮಲಮ್ಮ. ಅವರು ಅಲ್ಲಾಡಲಿಲ್ಲ. ತೋಳು ಹಿಡಿದೆಳೆದೆ. ಮಗಳನ್ನು ಕಾಯುತ್ತಿರುವ ತಾಯಿಯನ್ನು ಎಳೆಯುವಷ್ಟು ಕಸುವು ನನಗೆಲ್ಲಿತ್ತು? ಹೆಂಗಸರು ಆಚೆ ಈಚೆ ನೋಡುತ್ತ ನಿಂತಿದ್ದರು. ಒಳಗಿನಿಂದ ಒಂದು ಸದ್ದೂ ಬರುತ್ತಿರಲಿಲ್ಲ. ಪವಿತ್ರಾ ಎಂದು ಬಾಗಿಲು ಬಡಿದೆ. ಒಂದು ಕೆಮ್ಮು ಕೂಡ ಕೇಳಲಿಲ್ಲ.

ಆಗ ನಾನು ಕಲಿತದ್ದನ್ನೆಲ್ಲ ಬಿಟ್ಟೆ. ಶ್ಯಾಮಲಮ್ಮನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ನಮ್ಮ ಅಜ್ಜಿಯ ದನಿಯಲ್ಲಿ ಹೇಳಿದೆ.

"ಗಾಳಿ ಒಳಗೇ ಇದೆ ಕಣಮ್ಮ. ಕೆಂಡಕ್ಕೆ ಹೆದರಿ ಎದ್ದಿದೆ. ಹೋಗಣ ಅಂದ್ರೆ ದಾರೀನೇ ಇಲ್ಲ, ನೀನು ಎಲ್ಲಾ ಮುಚ್ಚಿದೀಯ. ದಾರಿ ಇಲ್ದೆ ನಿನ್ನ ಮಗಳ ಎದೆ ಮೇಲೆ ಕೂತಿದೆ. ಬಾಗ್ಲು ತೆಗಿ, ಹೋಗುತ್ತೆ."

ಶ್ಯಾಮಲಮ್ಮ "ಅಯ್ಯೋ ನಾ ತಲ್ಲೀ, ನನ್ನ ಕಂದಾ" ಎಂದು ಕೂಗಿ ಎದ್ದು, ತಾವೇ ಬಟ್ಟೆ ಕಿತ್ತು ಬಾಗಿಲನ್ನು ಹೆಗಲಿನಿಂದ ಗುದ್ದಿದರು.

ಸೆರಗು ಮೂಗಿಗೊತ್ತಿಕೊಂಡು ನುಗ್ಗಿದೆವು. ಪವಿತ್ರ ಮಂಚದಿಂದ ಅರ್ಧ ಕೆಳಗಿಳಿದು, ಕೈ ಬಾಗಿಲ ಕಡೆ ಚಾಚಿ ಬಿದ್ದಿದ್ದಳು. ತಾಯಿ ಮತ್ತು ಇಬ್ಬರು ಹೆಂಗಸರು ಅವಳನ್ನು ಎಳೆದು ತಂದರು. ನಾನು ತೊಟ್ಟಿಲಿನಿಂದ ಮಗುವನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದೆ. ಅದು ನೆನೆದ ಬಟ್ಟೆಯ ಹಾಗೆ ಕೈ ಮೇಲೆ ಜೋತುಬಿದ್ದಿತ್ತು. ಅಂಗಾಲು ಉಜ್ಜಿದೆ, ಬೆನ್ನು ತಟ್ಟಿದೆ, ಬಾಯಿಗೆ ಬಾಯಿಟ್ಟು ಊದಿದೆ. ಅಳು, ಅಳೋ ಅಪ್ಪ, ಒಂದ್ಸಲ ಅಳೋ ಎಂದು ಬೇಡಿದೆ. ಪವಿತ್ರ ವಾಂತಿ ಮಾಡಿಕೊಂಡು ಕಣ್ಣು ಬಿಟ್ಟಳು, "ಪಾಪು" ಎಂದಳು. ತಾಯಿ ಅವಳ ಮುಖವನ್ನು ತಮ್ಮ ಕಡೆ ತಿರುಗಿಸಿಕೊಂಡರು. ಆಂಬುಲೆನ್ಸಿನ ಸದ್ದು ಊರ ಬಾಗಿಲಿಗೆ ಬರುವಾಗ ಮಗು ಒಮ್ಮೆ ಬಿಕ್ಕಿತು, ಮತ್ತೊಮ್ಮೆ ಬಿಕ್ಕಿತು, ಆಮೇಲೆ ಸಣ್ಣಗೆ ಅಳತೊಡಗಿತು. ನಾನು ಅದನ್ನು ಆಂಬುಲೆನ್ಸಿನವರ ಕೈಗೆ ಕೊಟ್ಟೆ.

ಆಸ್ಪತ್ರೆಯಲ್ಲಿ ಇಬ್ಬರಿಗೂ ಆಕ್ಸಿಜನ್ ಹಾಕಿದರು. ಮಗು ಉಳಿಯುತ್ತದೆ ಎಂದು ಡಾಕ್ಟರು ಹೇಳುವ ತನಕ ಶ್ಯಾಮಲಮ್ಮ ನೆಲಕ್ಕೆ ಹಣೆ ಇಟ್ಟೇ ಇದ್ದರು. ಹೇಳಿದ ಮೇಲೆ ಬಂದು ನನ್ನ ಕಾಲು ಹಿಡಿದರು. ಅದು ಗಾಳಿಯಲ್ಲಮ್ಮ, ಕೆಂಡ, ಬರೀ ಕೆಂಡ ಎಂದು ನಾನು ಅವರಿಗೂ ಚಿಂತಾಮಣಿಯಿಂದ ಓಡಿಬಂದ ವೆಂಕಟರಾಮಪ್ಪನವರಿಗೂ ಬಾಯಿ ಒಣಗುವಷ್ಟು ಹೇಳಿದೆ. ಅವರು ತಲೆಯಾಡಿಸಿದರು. ಹಾಗೆ ತಲೆಯಾಡಿಸಿದ್ದನ್ನು ನಾನು ಹಿಂದೆಯೂ ನೋಡಿದ್ದೆ.

ಸರ್ಟಿಫಿಕೇಟು ರದ್ದಾದ ಸುದ್ದಿ ಮಾರನೆಯ ದಿನ ಬಂತು. ಪಾಠದ ನಡುವೆ ಎದ್ದುಹೋದವರ ಕಾರಣಗಳನ್ನು ಕೇಳುವ ಪದ್ಧತಿ ಅವರಲ್ಲಿಲ್ಲವಂತೆ. ಮೇಲೂರಿನ ಮನೆಗಳ ಕೆಲಸವನ್ನು ಕಂಪನಿ ನಿಲ್ಲಿಸಿತು. ಬೇಜಾರಾಯಿತು, ಸುಳ್ಳೇಕೆ ಹೇಳಲಿ, ಅತ್ತುಬಿಟ್ಟೆ ಕೂಡ. ಆದರೂ ಪವಿತ್ರ ಮಗುವಿನ ಫೋಟೊ ಕಳಿಸಿದಳು, ಅದನ್ನು ನೋಡುತ್ತ ಆ ವಾರ ಹೇಗೋ ಕಳೆದೆ.

ವಾರ ಕಳೆದ ಮೇಲೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ವಯಸ್ಸಾದ ಹೆಂಗಸಿನ ದನಿ.

"ಗಾಳಿ ಬಿಡಿಸೋ ಮೇಡಮ್ಮನವ್ರಾ? ನಾನು ಗೌರಿಬಿದನೂರು ಕಡೆಯವಳು, ಶ್ಯಾಮಲಮ್ಮನ ಚಿಕ್ಕಮ್ಮನ ಮಗಳು. ನೀವು ಬರಬೇಕು ತಾಯಿ."

"ನಾನು ಗಾಳಿ ಬಿಡಿಸೋಳಲ್ಲಮ್ಮ. ಯಾರಿಗೆ ಏನಾಗಿದೆ?"

"ನಮ್ಮ ಸೊಸೆ. ಹೆರಿಗೆ ಆದಾಗಿಂದ ಊಟ ಬಿಟ್ಟವ್ಳೆ, ಗೋಡೆ ನೋಡ್ಕಂಡು ಅಳ್ತಾಳೆ. ಮೇಲೂರಲ್ಲಿ ನೀವು ಮಾಡಿಸಿದ್ರಲ್ಲ, ಹಂಗೇ ಮಾಡಿದೀವಿ. ಎಲ್ಲಾ ಮುಚ್ಚಿ ಬಾಣಲೇಲಿ ಕೆಂಡ ಇಟ್ಟಿದೀವಿ."

"ಯಾವಾಗ ಇಟ್ರಿ? ಬಾಗ್ಲು ತೆಗೀರಿ. ಫೋನ್ ಇಟ್ಟು ಹೋಗಿ ತೆಗೀರಿ!"

"ಗಾಳಿ ಎದ್ದ ಮೇಲೆ ನೀವೇ ಬಂದು ಬಾಗ್ಲು ತೆಗೆಸ್ಬೇಕಂತಲ್ಲ, ಶ್ಯಾಮಲಕ್ಕ ಹೇಳಿದ್ಲು" ಎಂದರು ಆಕೆ, ನಂಬಿಕೆಯಿಂದ. "ಕಾಯ್ತಾ ಇದೀವಿ. ಎಷ್ಟು ಹೊತ್ತಾಗುತ್ತೆ ತಾಯಿ ಬರೋದು?"

ನಾನು ಕಿರುಚುತ್ತಲೇ ಸ್ಕೂಟರಿನ ಕಡೆ ಓಡಿದೆ. ಶಿಡ್ಲಘಟ್ಟದಿಂದ ಗೌರಿಬಿದನೂರು ಹತ್ತಿರದ ಊರಲ್ಲ.